ತೈಲ ಬೇಡ ಎಂದವರು, ಬೇಕು ಎಂದವರು

ಕೇಳುಗರೇ, ನಮಸ್ಕಾರ.

ನುಯಿಕ್ಸುಟ್ ಅಂತ ಒಂದು ಊರಿದೆ. ಅಮೆರಿಕದ ಅಲಾಸ್ಕಾ ರಾಜ್ಯದ ಉತ್ತರದ ತುದಿಯಲ್ಲಿ, ಇನ್ನೊಂದಿಷ್ಟು ಮೇಲೆ ಹೋದರೆ ಆರ್ಕ್ಟಿಕ್ ಸಮುದ್ರವೇ. ಊರಲ್ಲಿ ಸುಮಾರು 500 ಜನ. ಹೆಚ್ಚಿನವರು ಇನ್ಯೂಪಿಯಾಟ್ ಎಂಬ ಮೂಲನಿವಾಸಿಗಳು. 1973ರಲ್ಲಿ 27 ಕುಟುಂಬಗಳು ಬ್ಯಾರೋ ಪಟ್ಟಣ ಬಿಟ್ಟು ಇಲ್ಲಿಗೆ ಬಂದವು. ಮನೆ ಕಟ್ಟಿಕೊಳ್ಳುವ ತನಕ, ಆ ಚಳಿಯಲ್ಲಿ, ಡೇರೆಗಳಲ್ಲೇ ಬದುಕಿದವು. ಯಾಕೆ ಬಂದರು ಅಂದರೆ, ಇದು ಅವರ ಹಿರಿಯರು ಬೇಟೆಯಾಡುತ್ತಿದ್ದ, ಮೀನು ಹಿಡಿಯುತ್ತಿದ್ದ ಜಾಗ. ಕ್ಯಾರಿಬೂ ಎಂಬ ಹಿಮಸಾರಂಗ ಹಿಂಡು ಹಿಂಡಾಗಿ ಓಡಾಡುವ ನೆಲ. ಹಳೆಯ ಬದುಕು ಕೈ ತಪ್ಪಿ ಹೋಗಬಾರದು ಅನ್ನುವುದೊಂದೇ ಆಸೆಯಿಂದ ಬಂದವರು ಅವರು.

ಇವತ್ತು ಆ ಊರಿನ ಹತ್ತಿರವೇ ತೈಲ ಬಾವಿಗಳಿವೆ. ಊರಿನ ಮನೆಗಳು ಬೆಚ್ಚಗಿರುವುದು ಪಕ್ಕದ ಆಲ್ಪೈನ್ ತೈಲಕ್ಷೇತ್ರದಿಂದ ಬರುವ ಗ್ಯಾಸಿನಿಂದ. ಅಲ್ಲಿನ ತೈಲದಲ್ಲಿ ಊರಿನವರ ಒಡೆತನದ ಸಂಸ್ಥೆಗೂ ಪಾಲು ಬರುತ್ತದೆ. 2022ರ ಮಾರ್ಚ್‌ನಲ್ಲಿ ಅದೇ ಆಲ್ಪೈನ್‌ನಲ್ಲಿ ಗ್ಯಾಸ್ ಸೋರಿಕೆ ಆಯಿತು. ಕಂಪನಿ ತನ್ನ ಕೆಲಸಗಾರರನ್ನು ಬೇರೆ ಕಡೆ ಸಾಗಿಸಿತು, ಊರಿನ ಕೆಲವು ಕುಟುಂಬಗಳು ಹೆದರಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟವು. ಮನೆ ಬೆಚ್ಚಗಿಡುವ ಗ್ಯಾಸೂ ಅಲ್ಲಿಂದಲೇ, ಮನೆ ಬಿಟ್ಟು ಓಡುವಂತೆ ಮಾಡಿದ ಗ್ಯಾಸೂ ಅಲ್ಲಿಂದಲೇ. ಇವತ್ತಿನ ನನ್ನ ಮಾತೆಲ್ಲ ಈ ಇಕ್ಕಟ್ಟಿನ ಬಗ್ಗೆ.

ಹೊಸದಾಗಿ ತೈಲ ತೆಗೆಯಬೇಕೋ ಬೇಡವೋ ಅಂತ ಜಗಳ ಬಂದಾಗ ನಾವು ಸಾಮಾನ್ಯವಾಗಿ ಒಂದು ಚಿತ್ರ ಕಲ್ಪಿಸಿಕೊಳ್ಳುತ್ತೇವೆ. ಒಂದು ಕಡೆ ದುಡ್ಡಿನ ಕಂಪನಿ, ಇನ್ನೊಂದು ಕಡೆ ಭೂಮಿ ಉಳಿಸುವ ಜನ. ವಿಲೋ ಯೋಜನೆಯ ಕತೆ ಹಾಗಿಲ್ಲ. ಅಲ್ಲಿ ಕಿತ್ತಾಡಿದವರು ಒಂದೇ ಕಡೆಯವರು. ಒಂದೇ ಪಕ್ಷಕ್ಕೆ ಮತ ಹಾಕಿದವರು, ಹವಾಮಾನ ಕೆಡುತ್ತಿದೆ ಅಂತ ಒಪ್ಪಿಕೊಂಡವರು, ಒಂದೇ ಬುಡಕಟ್ಟಿನವರು. ನನಗೆ ನಿದ್ದೆ ಕೆಡಿಸಿದ್ದು ಇದೇ.

ಮೊದಲು ವಿಲೋ ಅಂದರೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಅಲಾಸ್ಕಾದ ಉತ್ತರದಲ್ಲಿ ಅಮೆರಿಕ ಸರಕಾರದ ಒಂದು ದೊಡ್ಡ ಜಾಗ ಇದೆ. ಸುಮಾರು 2 ಕೋಟಿ 30 ಲಕ್ಷ ಎಕರೆ. ನೌಕಾಪಡೆಗೆ ಮುಂದೆ ತೈಲ ಬೇಕಾಗಬಹುದು ಅಂತ 1923ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅದನ್ನು ಮೀಸಲಿಟ್ಟರು. ಅಲ್ಲಿ ಕೊನೊಕೊಫಿಲಿಪ್ಸ್ ಕಂಪನಿಗೆ ತೈಲ ಸಿಕ್ಕಿತು. 30 ವರ್ಷಗಳಲ್ಲಿ ಸುಮಾರು 60 ಕೋಟಿ ಬ್ಯಾರೆಲ್ ತೆಗೆಯಬಹುದು, ಜೋರಾಗಿ ನಡೆಯುವಾಗ ದಿನಕ್ಕೆ 1 ಲಕ್ಷ 80 ಸಾವಿರ ಬ್ಯಾರೆಲ್ ಬರುತ್ತದೆ ಅನ್ನುವುದು ಲೆಕ್ಕ. 2020ರಲ್ಲಿ ಟ್ರಂಪ್ ಸರಕಾರ ಒಪ್ಪಿಗೆ ಕೊಟ್ಟಿತು. ಹವಾಮಾನದ ಮೇಲಿನ ಪರಿಣಾಮವನ್ನು ಸರಿಯಾಗಿ ಲೆಕ್ಕ ಹಾಕಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ನ್ಯಾಯಾಧೀಶೆ ಶರಾನ್ ಗ್ಲೀಸನ್ ಆ ಒಪ್ಪಿಗೆಯನ್ನು ರದ್ದು ಮಾಡಿದರು. ಆಗ ಇನ್ನೇನು ಮುಗಿಯಿತು ಅಂತಲೇ ಎಷ್ಟೋ ಜನ ಅಂದುಕೊಂಡರು.

ಮುಗಿಯಲಿಲ್ಲ. ಮತ್ತೆ ಲೆಕ್ಕ ಹಾಕಿದರು. ಸರಕಾರವೇ ಹಾಕಿದ ಆ ಲೆಕ್ಕದ ಪ್ರಕಾರ 30 ವರ್ಷಗಳಲ್ಲಿ ಈ ತೈಲದಿಂದ ಸುಮಾರು 24 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಮಾರು 17 ಲಕ್ಷ ಕಾರುಗಳು ಆ 30 ವರ್ಷವೂ ರಸ್ತೆಯಲ್ಲಿ ಓಡಿದ ಹಾಗೆ ಅಂತ ಇಟ್ಟುಕೊಳ್ಳಿ. ಅಧಿಕಾರದಲ್ಲಿ ಯಾರಿದ್ದರು? ಜೋ ಬೈಡನ್. ಸರಕಾರಿ ಜಾಗದಲ್ಲಿ ಇನ್ನು ಹೊಸದಾಗಿ ತೈಲ ಕೊರೆಯಲು ಬಿಡುವುದಿಲ್ಲ ಅಂತ 2020ರ ಚುನಾವಣೆಯಲ್ಲಿ ಖಡಾಖಂಡಿತವಾಗಿ ಮಾತು ಕೊಟ್ಟಿದ್ದವರು. ಆ ಮಾತು ನಂಬಿ ಮನೆ ಮನೆ ತಿರುಗಿ ಮತ ಕೇಳಿದ ಹುಡುಗ ಹುಡುಗಿಯರು ಎಷ್ಟಿದ್ದರು!

2023ರ ಶುರುವಿನಲ್ಲಿ ಆ ಹುಡುಗರೇ ಎದ್ದು ನಿಂತರು. ಟಿಕ್‌ಟಾಕ್‌ನಲ್ಲಿ ವಿಲೋ ನಿಲ್ಲಿಸಿ ಅನ್ನುವ ಕೂಗು ಬೆಂಕಿಯ ಹಾಗೆ ಹಬ್ಬಿತು. ಅಧ್ಯಕ್ಷರ ಮನೆಗೆ ಹತ್ತು ಲಕ್ಷಕ್ಕೂ ಜಾಸ್ತಿ ಪತ್ರಗಳು ಹೋದವು. ಆ ಹೊತ್ತಿಗೆ ನುಯಿಕ್ಸುಟ್‌ನ ಮೇಯರ್ ಆಗಿದ್ದವರು ರೋಸ್‌ಮೇರಿ ಅಟುವಾಂಗರುವಾಕ್. ಅದೇ ಊರಿನಲ್ಲಿ ಹಿಂದೆ ಆರೋಗ್ಯ ಕಾರ್ಯಕರ್ತೆಯಾಗಿದ್ದವರು. ತೈಲ ಬಾವಿಗಳಲ್ಲಿ ಗ್ಯಾಸ್ ಸುಟ್ಟ ರಾತ್ರಿಗಳಲ್ಲಿ ಉಸಿರಾಟದ ತೊಂದರೆ ಅಂತ ಬರುವ ಜನ ಹೆಚ್ಚಾಗುವುದನ್ನು ಕಣ್ಣಾರೆ ಕಂಡೆ ಅಂತ ಅವರು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ವಿಲೋ ಬೇಡ ಅಂತ ಅವರು ವಾಷಿಂಗ್ಟನ್‌ಗೆ ಪತ್ರ ಬರೆದರು, ಹೋದ ಕಡೆಯೆಲ್ಲ ಹೇಳಿದರು. ಸುಮ್ನೆ ಯೋಚಿಸಿ. ವಿಲೋಗೆ ಎಲ್ಲಕ್ಕಿಂತ ಹತ್ತಿರದ ಊರು ಅದು. ಆ ಊರಿನ ಮೇಯರ್ ಬೇಡ ಅನ್ನುತ್ತಿದ್ದಾರೆ. ಇನ್ನೇನು ಸಾಕ್ಷಿ ಬೇಕು ಅನ್ನಿಸುತ್ತದೆ ಅಲ್ವಾ?

ನನಗೂ ಹಾಗೇ ಅನ್ನಿಸಿತ್ತು. ಆದರೆ ಅದೇ ವರ್ಷ ಅದೇ ಇನ್ಯೂಪಿಯಾಟ್ ಜನರ ಬೇರೆ ಮುಖಂಡರು ವಾಷಿಂಗ್ಟನ್‌ಗೆ ಹೋಗಿ, ವಿಲೋ ನಮಗೆ ಬೇಕು, ದಯವಿಟ್ಟು ಒಪ್ಪಿಗೆ ಕೊಡಿ ಅಂದರು. ಅವರೇನು ಕಂಪನಿಯಿಂದ ದುಡ್ಡು ತಿಂದು ಬಂದವರಾ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

1968ರಲ್ಲಿ ಆ ಭಾಗದ ಪ್ರೂಡೋ ಬೇ ಎಂಬಲ್ಲಿ ಭಾರಿ ತೈಲ ಸಿಕ್ಕಿತು. ಆಗ ಅಲ್ಲಿನ ಹಳ್ಳಿಗಳಲ್ಲಿ ನಲ್ಲಿ ಇರಲಿಲ್ಲ, ಶೌಚಕ್ಕೆ ಬಕೆಟ್ಟೇ ಗತಿ. ಹೈಸ್ಕೂಲು ಓದಬೇಕು ಅಂದರೆ ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟು ಸಾವಿರಾರು ಮೈಲಿ ದೂರದ ವಸತಿ ಶಾಲೆಗೆ ಹೋಗಬೇಕಿತ್ತು. ಅಲ್ಲಿ ಅವರ ಭಾಷೆಯನ್ನೇ ಬಾಯಿಂದ ಕಿತ್ತುಕೊಂಡರು. ತೈಲ ಹೇಗೂ ಹೋಗುತ್ತದೆ, ಅದರ ಮೇಲೆ ನಾವೇ ತೆರಿಗೆ ಹಾಕೋಣ ಅಂತ ಆ ಜನ ಹೊರಟರು. 1972ರಲ್ಲಿ ನಾರ್ತ್ ಸ್ಲೋಪ್ ಬರೋ ಅಂತ ತಮ್ಮದೇ ಸ್ಥಳೀಯ ಸರಕಾರ ಕಟ್ಟಿಕೊಂಡರು. ತೈಲ ಕಂಪನಿಗಳು ಕೋರ್ಟಿಗೆ ಹೋದವು. ಮೊದಲ ಮೇಯರ್ ಎಬೆನ್ ಹಾಪ್ಸನ್ ಜಗ್ಗಲಿಲ್ಲ. ಆ ತೆರಿಗೆಯ ದುಡ್ಡಿನಿಂದ ಪ್ರತಿ ಹಳ್ಳಿಗೂ ಶಾಲೆ ಬಂತು, ದವಾಖಾನೆ ಬಂತು, ನೀರು ಬಂತು, ಚರಂಡಿ ಬಂತು. ಮಕ್ಕಳು ಮನೆಯಲ್ಲೇ ಇದ್ದು ಓದಿದರು. ಇವತ್ತಿಗೂ ಆ ಸ್ಥಳೀಯ ಸರಕಾರದ ವರಮಾನದಲ್ಲಿ ಬಹುಪಾಲು, ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ, ತೈಲದ ಆಸ್ತಿಗಳ ಮೇಲಿನ ತೆರಿಗೆಯಿಂದಲೇ ಬರುತ್ತದೆ.

ಈಗ ಆ ತೈಲ ಕಡಿಮೆಯಾಗುತ್ತಿದೆ. ಅಲಾಸ್ಕಾದ ಉದ್ದಕ್ಕೂ 800 ಮೈಲಿ ಹರಿಯುವ ದೊಡ್ಡ ಪೈಪ್‌ಲೈನ್ 1977ರಲ್ಲಿ ಶುರುವಾಯಿತು. 1988ರಲ್ಲಿ ಅದರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್ ಹರಿಯುತ್ತಿತ್ತು. ಈಗ 5 ಲಕ್ಷವೂ ಇಲ್ಲ. ಹೊಸ ತೈಲ ಬರದಿದ್ದರೆ ಶಾಲೆ ನಡೆಸುವುದು ಹೇಗೆ ಅನ್ನುವುದು ಅಲ್ಲಿಯ ಅಪ್ಪ ಅಮ್ಮಂದಿರ ಪ್ರಶ್ನೆ. ಅದು ದುರಾಸೆಯ ಪ್ರಶ್ನೆ ಅಂತ ನಾನು ಹೇಗೆ ಹೇಳಲಿ? ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ದೂರದಲ್ಲಿ ಕೂತವರಿಗೆ ಬೇಡ ಅನ್ನುವುದು ಸುಲಭ.

ಈ ಬಿರುಕು ಎಲ್ಲೆಲ್ಲಿ ಹೋಯಿತು ನೋಡಿ. ಮೇರಿ ಪೆಲ್ಟೋಲಾ ಅಂತ ಒಬ್ಬರು. ಅಲಾಸ್ಕಾದ ಮೂಲನಿವಾಸಿಗಳಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲಿಗರು. ಬೈಡನ್ ಅವರದೇ ಡೆಮಾಕ್ರಟಿಕ್ ಪಕ್ಷ. ನದಿಗಳಲ್ಲಿ ಸಾಲ್ಮನ್ ಮೀನು ಮಾಯವಾಗುತ್ತಿದೆ ಅಂತ ಮರುಗಿ, ಅದಕ್ಕಾಗಿ ಕೆಲಸ ಮಾಡಿ ಗೆದ್ದು ಬಂದವರು. 2023ರ ಮಾರ್ಚ್‌ನಲ್ಲಿ ಅವರು ಅಲಾಸ್ಕಾದ ಇಬ್ಬರು ರಿಪಬ್ಲಿಕನ್ ಸೆನೆಟರುಗಳ ಜೊತೆ ಬೈಡನ್ ಮುಂದೆ ಕೂತು ವಿಲೋ ಪರ ಮಾತಾಡಿದರು. ಇನ್ನೊಬ್ಬರು ಡೆಬ್ ಹಾಲಂಡ್. ಅವರೂ ಮೂಲನಿವಾಸಿ ಸಮುದಾಯದವರು. ಸಂಸದೆಯಾಗಿದ್ದಾಗ ವಿಲೋ ಬೇಡ ಅಂದವರು. ಆ ಹೊತ್ತಿಗೆ ಸರಕಾರಿ ಜಾಗಗಳನ್ನು ನೋಡಿಕೊಳ್ಳುವ, ವಿಲೋಗೆ ಒಪ್ಪಿಗೆ ಕೊಡಬೇಕಾದ ಇಲಾಖೆಗೇ ಮಂತ್ರಿಯಾಗಿದ್ದರು. ಅತ್ತ ದರಿ ಇತ್ತ ಪುಲಿ. ಕೊನೆಗೆ ಒಪ್ಪಿಗೆಯ ಕಾಗದಕ್ಕೆ ಸಹಿ ಬಿದ್ದದ್ದು ಅವರದಲ್ಲ, ಅವರ ಕೆಳಗಿನ ಉಪಕಾರ್ಯದರ್ಶಿಯದು. ಬೈಡನ್ ಅವರಿಗೆ ಮತ ಹಾಕಿದ ಕಾರ್ಮಿಕ ಸಂಘಗಳೂ ವಿಲೋ ಪರ ನಿಂತವು. ಕಟ್ಟುವಾಗ ಎರಡೂವರೆ ಸಾವಿರ ಕೆಲಸ ಸಿಗುತ್ತದೆ ಅನ್ನುವುದು ಅವರ ಮಾತು. ಆಮೇಲೆ ಕಾಯಂ ಉಳಿಯುವುದು ಮುನ್ನೂರು ಮಾತ್ರ. ಆ ಮುನ್ನೂರನ್ನೂ ನಾನು ತಾತ್ಸಾರ ಮಾಡುವುದಿಲ್ಲ. ಕೆಲಸ ಇಲ್ಲದ ಮನೆ ಹೇಗಿರುತ್ತದೆ ಅಂತ ಗೊತ್ತಿರುವವರು ಯಾರೂ ಮಾಡುವುದಿಲ್ಲ.

ಬೈಡನ್ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ದಾರಿ ಹಿಡಿದರು. ಕಂಪನಿ ಕೇಳಿದ್ದು ಐದು ಕಡೆ ಕೊರೆಯಲು. 2023ರ ಮಾರ್ಚ್ 13ರಂದು ಮೂರು ಕಡೆಗೆ ಒಪ್ಪಿಗೆ ಕೊಟ್ಟರು. ಅದಕ್ಕೆ ಒಂದು ದಿನ ಮುಂಚೆ, ಆರ್ಕ್ಟಿಕ್‌ನಲ್ಲಿ 1 ಕೋಟಿ 60 ಲಕ್ಷ ಎಕರೆ ನೆಲ ಮತ್ತು ಸಮುದ್ರಕ್ಕೆ ರಕ್ಷಣೆ ಕೊಡುತ್ತೇವೆ ಅಂತ ಸಾರಿದರು. ಕಂಪನಿಯ ಕೈಯಲ್ಲಿ ಹಳೆಯ ಗುತ್ತಿಗೆಗಳಿವೆ, ಪೂರ್ತಿ ಬೇಡ ಅಂದರೆ ಕೋರ್ಟಿನಲ್ಲಿ ಸೋಲುತ್ತೇವೆ, ದೊಡ್ಡ ಪರಿಹಾರ ತೆರಬೇಕಾಗುತ್ತದೆ ಅನ್ನುವುದು ಅವರ ಕಡೆಯವರ ಸಮಜಾಯಿಷಿ. ಗುತ್ತಿಗೆ ಇದೆ ಅಂದ ಮಾತ್ರಕ್ಕೆ ಏನು ಬೇಕಾದರೂ ಕಟ್ಟುವ ಹಕ್ಕು ಬರುವುದಿಲ್ಲ ಅಂತ ಪರಿಸರದ ವಕೀಲರು ಹೇಳಿದರು. ಅವರ ಮಾತೇ ನನಗೆ ಸರಿ ಅನ್ನಿಸುತ್ತದೆ.

ಚಳವಳಿಯ ಒಳಗೂ ಜಗಳ ಹತ್ತಿತು. ಮೂರೇ ತಿಂಗಳಿಗೆ, ಜೂನ್‌ನಲ್ಲಿ, ಸಿಯೆರಾ ಕ್ಲಬ್ ಮತ್ತು ಲೀಗ್ ಆಫ್ ಕನ್ಸರ್ವೇಶನ್ ವೋಟರ್ಸ್‌ನಂಥ ದೊಡ್ಡ ಸಂಘಟನೆಗಳು ಬೈಡನ್ ಮತ್ತೆ ಗೆಲ್ಲಲಿ ಅಂತ ಬೆಂಬಲ ಸಾರಿದವು. ಅವರ ಲೆಕ್ಕ ಸರಳ. 2022ರ ಆಗಸ್ಟ್‌ನಲ್ಲಿ ಬೈಡನ್ ಸಹಿ ಹಾಕಿದ ಕಾನೂನು ಸೌರ, ಗಾಳಿ, ಬ್ಯಾಟರಿಗಳಿಗೆ ಕೊಟ್ಟಷ್ಟು ದುಡ್ಡನ್ನು ಅಮೆರಿಕದಲ್ಲಿ ಯಾವ ಕಾನೂನೂ ಕೊಟ್ಟಿರಲಿಲ್ಲ. ಒಂದು ತಪ್ಪಿಗಾಗಿ ಅದನ್ನೆಲ್ಲ ಕಳೆದುಕೊಳ್ಳಬೇಕಾ ಅಂದರು. ಕೊಟ್ಟ ಮಾತು ಮುರಿದವರಿಗೆ ಇಷ್ಟು ಬೇಗ ಹಾರ ಹಾಕಿದರೆ ಮುಂದಿನ ಸಲ ನಮ್ಮ ಮಾತಿಗೆ ಬೆಲೆ ಎಲ್ಲಿ ಅಂತ ಎಳೆಯರು ಕೇಳಿದರು. ಇಬ್ಬರಿಗೂ ಭೂಮಿಯ ಚಿಂತೆ ಇದೆ. ಆದರೂ ಒಬ್ಬರನ್ನೊಬ್ಬರು ದ್ರೋಹಿ ಅಂದುಕೊಂಡರು.

ನನ್ನ ನಿಲುವನ್ನು ನೇರವಾಗಿ ಹೇಳುತ್ತೇನೆ. ವಿಲೋಗೆ ಒಪ್ಪಿಗೆ ಕೊಡಬಾರದಿತ್ತು. 2050ರ ಹೊತ್ತಿಗೆ ಇಂಗಾಲದ ಹೊಗೆಯನ್ನು ನಿವ್ವಳ ಸೊನ್ನೆಗೆ ತರಬೇಕಾದರೆ, ಈಗಾಗಲೇ ಒಪ್ಪಿಗೆ ಸಿಕ್ಕಿರುವುದನ್ನು ಬಿಟ್ಟು ಹೊಸ ತೈಲಕ್ಷೇತ್ರಗಳ ಅಗತ್ಯವೇ ಇಲ್ಲ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲೇ ದಾರಿ ತೋರಿಸಿತ್ತು. ಆರ್ಕ್ಟಿಕ್ ಪ್ರದೇಶ ಉಳಿದ ಭೂಮಿಗಿಂತ ಹೆಚ್ಚು ಕಡಿಮೆ ನಾಲ್ಕು ಪಟ್ಟು ವೇಗವಾಗಿ ಕಾಯುತ್ತಿದೆ. ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲ ಅಲ್ಲಿ ಮೆತ್ತಗಾಗುತ್ತಿದೆ. ತೈಲದ ಕಟ್ಟಡಗಳು ಕುಸಿಯಬಾರದು ಅಂತ ನೆಲದೊಳಗೆ ಕೊಳವೆಗಳನ್ನು ಇಳಿಸಿ, ಮಣ್ಣಿನ ಬಿಸಿ ಹೊರಗೆ ಎಳೆದು ಅದನ್ನು ತಣ್ಣಗಿಡಬೇಕಾಗಿದೆ. ನೆಲ ಕರಗಿಸುವ ತೈಲವನ್ನು ತೆಗೆಯಲು ನೆಲವನ್ನು ಹೆಪ್ಪುಗಟ್ಟಿಸುವ ಕೆಲಸ. ಇದನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಆದರೆ ಬೇಡ ಅಂದವರ ಕಡೆ, ಅಂದರೆ ನಮ್ಮ ಕಡೆ, ಒಂದು ಕೆಲಸ ಬಾಕಿ ಉಳಿಯಿತು. ಶಾಲೆಯ ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆಗೆ ಆ ಲಕ್ಷಾಂತರ ಪತ್ರಗಳಲ್ಲಿ ಉತ್ತರ ಇರಲಿಲ್ಲ. ಹವಾಮಾನಕ್ಕೆ ಅಂತ ಅಷ್ಟೊಂದು ದುಡ್ಡು ಇಟ್ಟ ಕಾನೂನಿನಲ್ಲೂ, ತೈಲದ ತೆರಿಗೆ ನಿಂತ ದಿನ ನಾರ್ತ್ ಸ್ಲೋಪ್‌ನ ಶಾಲೆ, ನೀರು, ದವಾಖಾನೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ಏರ್ಪಾಡು ಇರಲಿಲ್ಲ. ಆ ಏರ್ಪಾಡು ಇಟ್ಟುಕೊಂಡು ಹೋಗಿ ತೈಲ ಬಿಡಿ ಅಂದಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ ಬೇರೆ ಮಾತು. ಕೇಳುವ ಹಕ್ಕಾದರೂ ಬರುತ್ತಿತ್ತು. ಅದರ ಬದಲು, ವಿಲೋ ಬೇಕು ಅಂದ ಮೂಲನಿವಾಸಿಗಳನ್ನು ಮಾರಿಕೊಂಡವರು ಅಂತ ಕರೆದದ್ದು ನನಗೆ ನೋವಿನ ಸಂಗತಿ. ಹಾಗೆಯೇ, ನಮ್ಮೆಲ್ಲರ ಪರವಾಗಿ ನಾವೇ ಮಾತಾಡುತ್ತೇವೆ ಅಂತ ದೊಡ್ಡ ಮುಖಂಡರು ನುಯಿಕ್ಸುಟ್‌ನ ಮೇಯರ್ ಮಾತನ್ನು ಬದಿಗೆ ಸರಿಸಿದ್ದೂ ಅಷ್ಟೇ ತಪ್ಪು. ಹೊಗೆ ಬರುವುದು ಎಲ್ಲರ ಊರಿಗೂ ಅಲ್ಲ. ತೆರಿಗೆಯ ದುಡ್ಡು ಎಲ್ಲ ಹಳ್ಳಿಗೂ ಹೋಗುತ್ತದೆ, ಬಾವಿಯ ಪಕ್ಕ ಮಲಗುವುದು ಒಂದೇ ಊರು.

2023ರ ನವೆಂಬರ್‌ನಲ್ಲಿ ಅದೇ ನ್ಯಾಯಾಧೀಶೆ ಗ್ಲೀಸನ್ ಈ ಸಲ ವಿಲೋ ಒಪ್ಪಿಗೆಯನ್ನು ಎತ್ತಿಹಿಡಿದರು. ದಾವೆ ಹಾಕಿದವರಲ್ಲಿ ಇನ್ಯೂಪಿಯಾಟ್ ಜನರದೇ ಒಂದು ಸಂಘಟನೆಯೂ ಇತ್ತು. ಮೇಲಿನ ಕೋರ್ಟು 2025ರ ಜೂನ್‌ನಲ್ಲಿ ಸರಕಾರದ ಆದೇಶದಲ್ಲಿ ತಪ್ಪಿದೆ ಅಂತ ಹೇಳಿತು, ಒಪ್ಪಿಗೆಯನ್ನು ಮಾತ್ರ ರದ್ದು ಮಾಡಲಿಲ್ಲ. ಕೆಲಸ ನಡೆಯುತ್ತಿದೆ. ಮೊದಲ ತೈಲ 2029ರಲ್ಲಿ ಬರುತ್ತದೆ ಅಂತ ಕಂಪನಿ ಹೇಳುತ್ತಿದೆ.

ಕೊನೆಗೆ ಒಂದು ವಿಷಯ ಹೇಳಬೇಕು. ಬ್ಯಾರೋ ಪಟ್ಟಣಕ್ಕೆ ಈಗ ಉಟ್ಕಿಯಾಗ್ವಿಕ್ ಎಂಬ ಅದರ ಹಳೆಯ ಹೆಸರು ಮರಳಿದೆ. ಅಲ್ಲಿ ಹೆಪ್ಪುಗಟ್ಟಿದ ನೆಲವನ್ನು ಅಗೆದು ಮಾಡಿದ ನೆಲಮಾಳಿಗೆಗಳಿವೆ. ಬೇಟೆಯಾಡಿದ ತಿಮಿಂಗಿಲದ ಮಾಂಸವನ್ನು ಅಜ್ಜಂದಿರ ಕಾಲದಿಂದ ಅಲ್ಲೇ ಇಡುತ್ತಾರೆ. ಹಬ್ಬ ಬಂದಾಗ ತೆಗೆದು ಊರಿಗೆಲ್ಲ ಹಂಚುತ್ತಾರೆ. ಆ ಮಾಳಿಗೆಗಳಲ್ಲಿ ಕೆಲವಕ್ಕೆ ಈಗ ನೀರು ನುಗ್ಗುತ್ತಿದೆ, ಮಾಂಸ ಕೆಡುತ್ತಿದೆ. ವಿಲೋ ಬೇಕು ಅಂದವರ ಮನೆಯ ಮಾಳಿಗೆಗೂ ಅದೇ ನೀರು, ಬೇಡ ಅಂದವರ ಮನೆಯ ಮಾಳಿಗೆಗೂ ಅದೇ ನೀರು.

ನಮಸ್ಕಾರ.