ನೆಲನೆಲ್ಲಿ ಯಾವುದು ಅಂತ ಗೊತ್ತಾ? ಔಷಧಿ ಸಸ್ಯಗಳ ಪಿಜಿ ಓದಿನೊಳಗೊಂದು ಸುತ್ತು

(ದೃಶ್ಯ: ಬಿಳಿ ಹಾಳೆಯ ಮೇಲೆ ಬೇರುಸಮೇತ ಕಿತ್ತಿಟ್ಟ ಮೂರು ಚಿಕ್ಕ ಗಿಡಗಳು. ಕ್ಯಾಮೆರಾ ನೇರ ಮೇಲಿನಿಂದ.)

ನಮಸ್ಕಾರ. ಈ ಮೂರರಲ್ಲಿ ನೆಲನೆಲ್ಲಿ ಯಾವುದು, ಹೇಳಿ ನೋಡೋಣ. ಮೂರೂ ಅಂದ್ರಾ? ಕೆ.ಆರ್. ಮಾರ್ಕೆಟ್ ಆಸುಪಾಸಿನ ಗ್ರಂಥಿಗೆ ಅಂಗಡಿಗೆ ಹೋಗಿ "ಅಣ್ಣ, ನೆಲನೆಲ್ಲಿ ಕೊಡಿ" ಅಂದ್ರೆ ಇವುಗಳಲ್ಲಿ ಯಾವುದು ಬೇಕಾದ್ರೂ ಒಣಗಿದ ಕಂತೆಯಾಗಿ ಕೈಗೆ ಬರಬಹುದು. ಎಲೆಯ ಅಡಿ ಸಾಲಾಗಿ ಪುಟ್ಟ ಕಾಯಿ ಬಿಟ್ಟಿದ್ರೆ ನೆಲನೆಲ್ಲಿ, ಕಾಮಾಲೆಗೆ ಅರೆದು ಕೊಡೋದು. ನಮ್ಮ ಮನೆಗಳಲ್ಲಿ ವಿಚಾರ ಅಲ್ಲಿಗೇ ನಿಲ್ಲುತ್ತೆ.

(ಕ್ಲೋಸ್‌ಅಪ್: ಲೆನ್ಸ್ ಅಡಿಯಲ್ಲಿ ಹೂವು, ಆಮೇಲೆ ಕಾಯಿ.)

ಈಗ ಲೆನ್ಸ್ ಹಿಡಿಯೋಣ. ಮೊದಲನೇದರಲ್ಲಿ ಒಂದೇ ಎಲೆಕಂಕುಳಲ್ಲಿ ಒಂದು ಗಂಡು ಹೂ, ಒಂದು ಹೆಣ್ಣು ಹೂ. ಎಸಳಿನಂಥ ಭಾಗ ಐದು. ಇದು ಫಿಲ್ಲಾಂಥಸ್ ಅಮಾರಸ್. ಎರಡನೇದರ ಕಾಯಿ ಮುಟ್ಟಿ ನೋಡಿದ್ರೆ ನುಣುಪಿಲ್ಲ, ಒರಟೊರಟು. ಅದು ಫಿಲ್ಲಾಂಥಸ್ ಯುರಿನೇರಿಯಾ. ಮೂರನೇದರಲ್ಲಿ ಎಲೆಗಳು ಪಕ್ಕದ ಕಡ್ಡಿಗಳಲ್ಲಿ ಎರಡು ಸಾಲಾಗಿ ಇಲ್ಲ, ಕಾಂಡದ ಸುತ್ತ ಬಂದಿವೆ. ಅದು ಫಿಲ್ಲಾಂಥಸ್ ಮದರಾಸ್ಪಟೆನ್ಸಿಸ್. ಮೂರೂ ಒಂದೇ ಕುಲದವು, ಆದರೆ ಒಳಗಿನ ರಸಾಯನ ಒಂದೇ ಅಲ್ಲ. ಯಕೃತ್ತಿನ ವಿಚಾರದಲ್ಲಿ ವಿಜ್ಞಾನಿಗಳು ಹೆಚ್ಚಾಗಿ ಪರೀಕ್ಷಿಸಿರೋದು ಫಿಲ್ಲಾಂಥಿನ್, ಹೈಪೋಫಿಲ್ಲಾಂಥಿನ್ ಅನ್ನೋ, ಲಿಗ್ನಾನ್ ಗುಂಪಿನ ಸಸ್ಯ ರಾಸಾಯನಿಕಗಳನ್ನ. ಅವು ಅಮಾರಸ್‌ನಲ್ಲಿ ಚೆನ್ನಾಗಿ ಸಿಗುತ್ತವೆ. ಹತ್ತಿರದ ಜಾತಿಗಳಲ್ಲಿ ಪ್ರಮಾಣ ತುಂಬಾ ಬೇರೆ ಇರಬಹುದು.

ಒಣಗಿಸಿ ಪುಡಿ ಮಾಡಿದ ಮೇಲೆ? ಹೂವೂ ಇಲ್ಲ, ಕಾಯಿಯೂ ಇಲ್ಲ. ಉಳಿದಿದ್ದು ಹಸಿರು ಪುಡಿ. ನಮ್ಮ ಜಿಕೆವಿಕೆ, ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ, ಮತ್ತು ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ಅಂಗಡಿಗಳಿಂದ ಇಂಥ ನೆಲನೆಲ್ಲಿ ತಂದು ಡಿಎನ್ಎ ಬಾರ್‌ಕೋಡ್ ಮೂಲಕ, ಅಂದ್ರೆ ಡಿಎನ್ಎಯ ಒಂದು ತುಣುಕು ಓದಿ ಜಾತಿ ಗುರುತಿಸೋ ವಿಧಾನದಲ್ಲಿ, ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಹೆಚ್ಚಿನ ಮಾದರಿಗಳಲ್ಲಿ ಅಮಾರಸ್ಸೇ ಇತ್ತು. ಉಳಿದವುಗಳಲ್ಲಿ ಇದರ ದಾಯಾದಿಗಳು. ಮೋಸ ಅಂತ ನಾನು ಹೇಳಲ್ಲ. ಕಿತ್ತು ತಂದವರಿಗೂ ಮಾರಿದವರಿಗೂ ಅದು ನೆಲನೆಲ್ಲಿಯೇ.

(ಪರದೆಯ ಮೇಲೆ: ಯಾವ ಗಿಡ? ಒಳಗೆ ಏನಿದೆ? ಎಷ್ಟಿದೆ? ದೇಹದಲ್ಲಿ ಏನು ಮಾಡುತ್ತೆ?)

ಔಷಧಿ ಸಸ್ಯಗಳ ಸ್ನಾತಕೋತ್ತರ ಓದು ಅಂದ್ರೆ ಈ ನಾಲ್ಕು ಪ್ರಶ್ನೆ. ಫಾರ್ಮಸಿ ಕಾಲೇಜಿನಲ್ಲಿ ಇದನ್ನ ಫಾರ್ಮಕಾಗ್ನಸಿ ಅಂತಾರೆ, ರಸಾಯನದ ಭಾಗಕ್ಕೆ ಫೈಟೋಕೆಮಿಸ್ಟ್ರಿ. ಒಂದು ಮಾತು ಈಗಲೇ ಹೇಳಿಬಿಡ್ತೀನಿ: ಎಂ.ಫಾರ್ಮ್ ಆಗಲಿ ಎಂ.ಎಸ್ಸಿ ಆಗಲಿ, ಇದನ್ನ ಓದಿದ್ರೆ ನೀವು ವೈದ್ಯರಾಗಲ್ಲ. ನೆಂಟರ ಮನೆಯಲ್ಲಿ "ಮಂಡಿ ನೋವಿಗೆ ಏನಾದ್ರೂ ಸೊಪ್ಪು ಹೇಳಮ್ಮ" ಅಂತ ಕೇಳೇ ಕೇಳ್ತಾರೆ, ನಕ್ಕು ಸುಮ್ಮನಾಗಬೇಕು ಅಷ್ಟೆ.

ಸೇರೋ ದಾರಿಗಳನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ಈ ಮಾಹಿತಿ ಪ್ರಾಸ್ಪೆಕ್ಟಸ್‌ನಲ್ಲೇ ಇರುತ್ತೆ. ಬಿ.ಫಾರ್ಮ್ ಆಗಿದ್ರೆ ಎಂ.ಫಾರ್ಮ್ ಫಾರ್ಮಕಾಗ್ನಸಿ: ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೊದಲೆರಡರಲ್ಲಿ ಪಾಠ ಮತ್ತು ಪ್ರಾಕ್ಟಿಕಲ್, ಆಮೇಲಿನದ್ದು ಹೆಚ್ಚುಕಮ್ಮಿ ಪೂರ್ತಿ ಸಂಶೋಧನೆ. ಎಂ.ಫಾರ್ಮ್ ಪ್ರವೇಶಕ್ಕೆ ನಡೆಯೋ ಜಿಪ್ಯಾಟ್ ಪರೀಕ್ಷೆ ಪಾಸಾದವರಿಗೆ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಕೇಂದ್ರದ ಎಐಸಿಟಿಇ ಕಡೆಯಿಂದ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ಇದೆ. ನಿಮ್ಮ ಕಾಲೇಜು, ನಿಮ್ಮ ಸೀಟು ಅದಕ್ಕೆ ಅರ್ಹವಾ ಅಂತ ಸೇರೋ ಮುಂಚೆ ಕೇಳಿ. ಬಿ.ಎಸ್ಸಿ ಮಾಡಿದ್ರೆ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಅಥವಾ ಬಯೋಕೆಮಿಸ್ಟ್ರಿ ಎಂ.ಎಸ್ಸಿ ಮೂಲಕ ಬರಬಹುದು. ಬಿಎಎಂಎಸ್ ಆದವರಿಗೆ ದ್ರವ್ಯಗುಣದಲ್ಲಿ, ಅಂದ್ರೆ ಆಯುರ್ವೇದದ ಔಷಧಿ ದ್ರವ್ಯಗಳ ಶಾಸ್ತ್ರದಲ್ಲಿ, ಎಂ.ಡಿ. ಇದೆ, ಮೂರು ವರ್ಷ. ಅದು ವೈದ್ಯಕೀಯದ ದಾರಿ, ಪ್ರವೇಶ ಪರೀಕ್ಷೆಯೂ ಬೇರೆ. ತೋಟಗಾರಿಕೆ ಓದಿದವರು ಬೆಳೆಯ ಕಡೆಯಿಂದ ಬರ್ತಾರೆ: ಯಾವ ತಳಿ, ಯಾವ ತಿಂಗಳಲ್ಲಿ ಕೊಯ್ದರೆ ಸಾರ ಹೆಚ್ಚು ಅನ್ನೋದು ಅವರ ಪ್ರಶ್ನೆ.

(ದೃಶ್ಯ: ಪ್ರಯೋಗಾಲಯ. ಸಾಕ್ಸ್‌ಲೆಟ್ ಉಪಕರಣದಲ್ಲಿ ಹಸಿರು ದ್ರವ ತುಂಬಿ ಕೆಳಗಿಳಿಯುತ್ತಿದೆ.)

ಇನ್ನು ಲ್ಯಾಬ್. ಇದು ಸಾಕ್ಸ್‌ಲೆಟ್, ಗಿಡದ ಪುಡಿಯಿಂದ ಸಾರ ತೆಗೆಯೋ ಉಪಕರಣ. ಫಿಲ್ಟರ್ ಕಾಫಿಯ ಡಿಕಾಕ್ಷನ್ ಇಳಿಸೋದು ನೋಡಿದ್ದೀರಲ್ಲ, ಅದೇ ಕೆಲಸ, ಆದರೆ ಇಲ್ಲಿ ಅದೇ ದ್ರಾವಕ ಆವಿಯಾಗಿ, ತಣ್ಣಗಾಗಿ, ಮತ್ತೆ ಪುಡಿಯ ಮೇಲೆ ಬೀಳುತ್ತೆ. ಗಂಟೆಗಟ್ಟಲೆ. ಹೆಕ್ಸೇನ್ ಹಾಕಿದ್ರೆ ಎಣ್ಣೆ, ಮೇಣದಂಥವು ಬರ್ತವೆ. ಮೆಥನಾಲ್ ಅಥವಾ ನೀರು ಬೆರೆಸಿದ ಆಲ್ಕೋಹಾಲ್ ಹಾಕಿದ್ರೆ ಫೀನಾಲ್‌ಗಳು, ಗ್ಲೈಕೋಸೈಡ್‌ಗಳು. ಅಂದ್ರೆ ನೀವು ಯಾವ ದ್ರಾವಕ ಆರಿಸ್ತೀರೋ, ಗಿಡ ಅಷ್ಟನ್ನೇ ನಿಮಗೆ ಕೊಡೋದು.

ಬಿಸಿಯ ವಿಚಾರವೂ ಹಾಗೇ. ಮಲೇರಿಯಾಕ್ಕೆ ಔಷಧಿ ಹುಡುಕ್ತಿದ್ದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ಆರ್ಟಿಮಿಸಿಯಾ ಗಿಡದ ಸಾರದಿಂದ ಮೊದಮೊದಲು ಒಮ್ಮೆ ಫಲ, ಒಮ್ಮೆ ಇಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಬರೆದ ಹಳೆಯ ವೈದ್ಯಗ್ರಂಥದಲ್ಲಿ ಗಿಡವನ್ನ ನೀರಲ್ಲಿ ನೆನೆಸಿ ಹಿಂಡಿ ಕುಡೀಬೇಕು ಅಂತಿತ್ತು, ಕುದಿಸಬೇಕು ಅಂತ ಇರಲಿಲ್ಲ. ಅವರು ಸುಮಾರು 35 ಡಿಗ್ರಿಗೇ ಕುದಿಯೋ ಈಥರ್ ಬಳಸಿ ಕಡಿಮೆ ಶಾಖದಲ್ಲಿ ಸಾರ ತೆಗೆದ್ರು. ಅಲ್ಲಿಂದ ಬಂದಿದ್ದು ಆರ್ಟಿಮಿಸಿನಿನ್, 2015ರ ನೊಬೆಲ್. ಹಾಗಾಗಿ ನಿಮ್ಮ ಗೈಡ್ "ಎಷ್ಟು ಡಿಗ್ರಿಯಲ್ಲಿ ತೆಗೆದೆ?" ಅಂತ ಕೇಳಿದ್ರೆ ಬೇಜಾರಾಗಬೇಡಿ.

(ದೃಶ್ಯ: ಸಾಲು ಟೆಸ್ಟ್ ಟ್ಯೂಬ್‌ಗಳು. ಒಂದೊಂದರಲ್ಲೂ ಬಣ್ಣ ಬದಲಾಗುತ್ತಿದೆ.)

ಸಾರ ಸಿಕ್ಕಿದ ಮೇಲೆ ಮೊದಲ ವಿಚಾರಣೆ ಇದು. ಡ್ರಾಗೆನ್‌ಡಾರ್ಫ್ ಅನ್ನೋ ಪರೀಕ್ಷಾ ದ್ರಾವಣ ಹಾಕಿದಾಗ ಕಿತ್ತಳೆ ಬಣ್ಣ ಇಳಿದ್ರೆ ಆಲ್ಕಲಾಯ್ಡ್ ಇರಬಹುದು. ಫೆರಿಕ್ ಕ್ಲೋರೈಡ್‌ಗೆ ಕಪ್ಪು ನೀಲಿ ಅಥವಾ ಹಸಿರು ಬಂದ್ರೆ ಟ್ಯಾನಿನ್, ಫೀನಾಲ್. ನೀರು ಹಾಕಿ ಅಲ್ಲಾಡಿಸಿದಾಗ ನೊರೆ ಎದ್ದು ಹಾಗೇ ನಿಂತ್ರೆ ಸಪೋನಿನ್. ಅಂಟವಾಳಕಾಯಿಯ ನೊರೆಗೂ ಅದೇ ಕಾರಣ. ಇದೆಲ್ಲ "ಇರಬಹುದು" ಮಟ್ಟದ್ದು ಮಾತ್ರ. ಮುಂದೆ ಸಾರದಲ್ಲಿರೋ ವಸ್ತುಗಳನ್ನ ಬೇರೆಬೇರೆ ಚುಕ್ಕೆಗಳಾಗಿ ಬಿಡಿಸೋ, ಸಿಲಿಕಾ ಲೇಪಿಸಿದ ಟಿಎಲ್‌ಸಿ ಪ್ಲೇಟು, ಅದನ್ನ 254 ಮತ್ತು 366 ನ್ಯಾನೋಮೀಟರ್ ಯುವಿ ಬೆಳಕಲ್ಲಿ ನೋಡೋದು. ಸ್ಪಾಟುಗಳು ಬಿಡಿಬಿಡಿಯಾಗಿ ಬಂದ್ರೆ ಕಾಲಮ್ ಹಾಕೋದು, ಅಂದ್ರೆ ಸಿಲಿಕಾ ತುಂಬಿದ ಕೊಳವೆಯಲ್ಲಿ ಇಳಿಸಿ ಬೇರ್ಪಡಿಸೋದು. ಕಾಲಮ್‌ನಿಂದ ಶುದ್ಧವಾದ ವಸ್ತು ಸಿಕ್ಕರೆ ಅದರ ಅಣುವಿನ ರಚನೆ ತಿಳಿಯೋಕೆ ಎನ್‌ಎಂಆರ್, ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನೋ ಪರೀಕ್ಷೆಗಳು. ಕೆಜಿಗಟ್ಟಲೆ ಗಿಡ ಹಾಕಿದ್ರೂ ಕೊನೆಗೆ ಸಿಗೋದು ಕೆಲವೇ ಮಿಲಿಗ್ರಾಂ ಆಗಿರಬಹುದು, ಅದೂ ಕೆಲವೊಮ್ಮೆ ಹೆಚ್ಚುಕಮ್ಮಿ ಎಲ್ಲ ಗಿಡದಲ್ಲೂ ಇರೋ ಬೀಟಾ ಸಿಟೊಸ್ಟೆರಾಲ್! ಎಂ.ಫಾರ್ಮ್ ಹಾಸ್ಟೆಲ್‌ಗಳಲ್ಲಿ ಆ ಹೆಸರು ಕೇಳಿದ್ರೆ ನಿಟ್ಟುಸಿರು ಬರೋದು ಅದಕ್ಕೇ.

ಇಲ್ಲೇ ನನ್ನದೊಂದು ತಕರಾರು. ಗಿಡದ ಸಾರ, ಅದಕ್ಕೆ ಡಿಪಿಪಿಎಚ್ ಅನ್ನೋ ನೇರಳೆ ರಾಸಾಯನಿಕ ಬೆರೆಸೋ ಪರೀಕ್ಷೆ, ನೇರಳೆ ಬಣ್ಣ ಹಳದಿಯಾಯ್ತು, "ಆಂಟಿಆಕ್ಸಿಡೆಂಟ್ ಗುಣ ಇದೆ" ಅಂತ ಪ್ರಬಂಧ ಮುಗಿಸೋರು ಬಹಳ. ಫೀನಾಲ್ ಇರೋ ಯಾವ ಸೊಪ್ಪು ಹಾಕಿದ್ರೂ ಆ ಬಣ್ಣ ಹೋಗುತ್ತೆ, ಚಹಾ ಸೊಪ್ಪು ಹಾಕಿದ್ರೂ ಹೋಗುತ್ತೆ. ಟ್ಯೂಬಿನಲ್ಲಿ ನಡೆದಿದ್ದು ದೇಹದಲ್ಲೂ ನಡೆಯುತ್ತೆ ಅನ್ನೋದಕ್ಕೆ ಅದು ಸಾಕ್ಷಿಯಲ್ಲ.

(ಪರದೆಯ ಮೇಲೆ: ಅರಿಶಿನ ಮತ್ತು ಕಾಳುಮೆಣಸು.)

ಇದಕ್ಕೆ ಬೆಂಗಳೂರಿನದ್ದೇ ಒಳ್ಳೆ ಉದಾಹರಣೆ ಇದೆ. 1998ರಲ್ಲಿ ಇಲ್ಲಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಅರಿಶಿನದ ಮುಖ್ಯ ಘಟಕವಾದ ಕರ್ಕ್ಯುಮಿನ್ 2 ಗ್ರಾಂ ಕೊಟ್ಟು ರಕ್ತ ಪರೀಕ್ಷಿಸಿದ್ರು. ಸಿಕ್ಕಿದ್ದು ಪತ್ತೆಯೇ ಆಗದಷ್ಟು ಅಥವಾ ತೀರಾ ಕಡಿಮೆ. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸಿಗೋ ಪ್ರಮಾಣ ಶೇ 2000ರಷ್ಟು ಏರಿತು. ಇವತ್ತು ಜಗತ್ತಿನ ಎಷ್ಟೋ ಅರಿಶಿನ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರ ಸೇರಿಸೋದಕ್ಕೆ ಆಧಾರವಾಗಿ ತೋರಿಸೋದು ಈ ಅಧ್ಯಯನವನ್ನೇ.

ಆದರೆ ಆ 2000 ನೋಡಿ ಹಿಗ್ಗೋ ಮುಂಚೆ ತಡೀರಿ. ಮೊದಲೇ ಸೊನ್ನೆಗೆ ಹತ್ತಿರ ಇದ್ದಿದ್ದು ಇಪ್ಪತ್ತು ಪಟ್ಟು ಹೆಚ್ಚಾದ್ರೂ ಅದು ಸಣ್ಣ ಪ್ರಮಾಣವೇ. ಇನ್ನೊಂದು, ಪೈಪರಿನ್ ಇದನ್ನ ಹೇಗೆ ಮಾಡುತ್ತೆ? ಹೊರಗಿನ ವಸ್ತುವನ್ನ ಬದಲಾಯಿಸಿ ಹೊರಹಾಕೋ ಯಕೃತ್ತು ಮತ್ತು ಕರುಳಿನ ಕೆಲಸವನ್ನ ನಿಧಾನ ಮಾಡುತ್ತೆ. ಕರ್ಕ್ಯುಮಿನ್‌ಗೆ ತಡೆದ ಬಾಗಿಲು ನೀವು ನುಂಗೋ ಬೇರೆ ಮಾತ್ರೆಗೂ ತಡೆದಂತೆಯೇ. ಅಪ್ಪ ಅಮ್ಮ ಬಿಪಿಗೋ ಫಿಟ್ಸಿಗೋ ಮಾತ್ರೆ ತಗೋತಿದ್ರೆ ಇಂಥ ಕ್ಯಾಪ್ಸೂಲ್ ಶುರು ಮಾಡೋ ಮುಂಚೆ ಡಾಕ್ಟರಿಗೆ ಹೇಳಿ. ಸಾರಿಗೆ ಹಾಕೋ ಮೆಣಸು, ಅರಿಶಿನಕ್ಕೆ ಈ ಚಿಂತೆ ಬೇಡ. ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದೇ ನೂರಕ್ಕೆ ಕೆಲವು ಪಾಲು.

(ದೃಶ್ಯ: ಬಾಲ್ಕನಿ ಗ್ರಿಲ್‌ಗೆ ಹಬ್ಬಿದ ಅಮೃತಬಳ್ಳಿ.)

ಕೊರೊನಾ ಕಾಲದಲ್ಲಿ ನಮ್ಮ ಬಡಾವಣೆಗಳಲ್ಲಿ ಅಮೃತಬಳ್ಳಿ ಹಬ್ಬದ ಗ್ರಿಲ್ಲೇ ಇರಲಿಲ್ಲ. 2021ರಲ್ಲಿ ಮುಂಬೈನ ವೈದ್ಯರು ಅದರ ಕಷಾಯ ಕುಡಿದ ಕೆಲವರಿಗೆ ಯಕೃತ್ತಿನ ತೊಂದರೆ ಆಯ್ತು ಅಂತ ವರದಿ ಮಾಡಿದ್ರು. ಆಯುಷ್ ಸಚಿವಾಲಯ, ರೋಗಿಗಳು ಕುಡಿದಿದ್ದು ನಿಜಕ್ಕೂ ಅಮೃತಬಳ್ಳಿಯೋ (ಟಿನೊಸ್ಪೊರಾ ಕಾರ್ಡಿಫೋಲಿಯಾ), ಇಲ್ಲಾ ಹಾಗೇ ಕಾಣೋ ಟಿನೊಸ್ಪೊರಾ ಕ್ರಿಸ್ಪಾ ಅನ್ನೋ ಬಳ್ಳಿಯೋ ಅಂತ ವೈದ್ಯರು ಮೊದಲು ಖಚಿತ ಮಾಡ್ಕೋಬೇಕಿತ್ತು ಅಂತು. ವೈದ್ಯರು ಒಂದು ಕಡೆ, ಸಚಿವಾಲಯ ಇನ್ನೊಂದು ಕಡೆ. ನಾನು ಇಲ್ಲಿ ತೀರ್ಪು ಕೊಡಲ್ಲ. ಕುಡಿದ ಬಳ್ಳಿಯ ತುಂಡನ್ನ ಎತ್ತಿಡದೇ ಇದ್ರೆ ಇಂಥ ಜಗಳ ಬಗೆಹರಿಯೋದು ಕಷ್ಟ.

ಅದಕ್ಕೇ ಈ ಓದಿನಲ್ಲಿ ವೌಚರ್ ಅಂತ ಒಂದಿದೆ. ನೀವು ಪ್ರಯೋಗಕ್ಕೆ ಬಳಸಿದ ಗಿಡದ್ದೇ ಒಂದು ರೆಂಬೆ, ಹೂ ಕಾಯಿ ಸಮೇತ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಎಲ್ಲಿ ಯಾವಾಗ ಕಿತ್ತಿದ್ದು ಅಂತ ಬರೆದು, ಹರ್ಬೇರಿಯಂಗೆ, ಅಂದ್ರೆ ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ, ಕೊಟ್ಟು ನಂಬರ್ ತಗೊಳ್ಳೋದು. ನನ್ನ ಪ್ರಕಾರ ಇಡೀ ಎರಡು ವರ್ಷದಲ್ಲಿ ಇದಕ್ಕಿಂತ ಮುಖ್ಯ ಕೆಲಸ ಇಲ್ಲ. ಯಾವ ಘಟಕ ಎಷ್ಟಿದೆ ಅಂತ ಅಳೆಯೋ ಎಚ್‌ಪಿಎಲ್‌ಸಿ ಯಂತ್ರದ ಗ್ರಾಫ್ ಎಷ್ಟು ಚೆನ್ನಾಗಿದ್ರೇನು, ಪುಡಿ ಅಂಗಡಿಯಿಂದ ತಂದಿದ್ದಾದ್ರೆ ಅದು ಯಾವ ಗಿಡದ ಗ್ರಾಫ್?

(ಪರದೆಯ ಮೇಲೆ: ಬೆಂಗಳೂರಿನ ನಕ್ಷೆ. ಉತ್ತರ ಭಾಗದಲ್ಲಿ ಗುರುತುಗಳು ಒಂದೊಂದಾಗಿ ಮೂಡುತ್ತವೆ.)

ಈ ವಿಚಾರದಲ್ಲಿ ಬೆಂಗಳೂರಿನಲ್ಲಿ ಓದೋರಿಗೆ ಅದೃಷ್ಟ ಇದೆ. ಯಲಹಂಕದ ಹತ್ತಿರ ಜಾರಕಬಂಡೆ ಕಾವಲಿನಲ್ಲಿ, 1993ರಲ್ಲಿ ಶುರುವಾದ, ಸ್ಥಳೀಯ ವೈದ್ಯ ಪರಂಪರೆಗಳ ಮೇಲೆ ಕೆಲಸ ಮಾಡೋ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಇದೆ. ಔಷಧಿ ಸಸ್ಯಗಳದ್ದೇ ಹರ್ಬೇರಿಯಂ, ಅಂಗಡಿಗಳಲ್ಲಿ ಮಾರೋ ಒಣ ಬೇರು ತೊಗಟೆಗಳ ಸಂಗ್ರಹ, ಎರಡೂ ಅಲ್ಲಿವೆ. ಅಲ್ಲಿಂದ ಜಿಕೆವಿಕೆ ದೂರವಿಲ್ಲ, ಪಕ್ಕದ ಅಲ್ಲಾಳಸಂದ್ರದಲ್ಲಿ ಔಷಧಿ ಮತ್ತು ಸುಗಂಧ ಸಸ್ಯಗಳ ಕೇಂದ್ರ ಸಂಸ್ಥೆ ಸಿಮ್ಯಾಪ್‌ನ ಸಂಶೋಧನಾ ಕೇಂದ್ರ. ಜಿಕೆವಿಕೆ ಆವರಣದಲ್ಲೇ ಇರೋ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನವರು 2015ರಲ್ಲಿ ತುಳಸಿಯ ಜೀನೋಮ್, ಅಂದ್ರೆ ಅದರ ಪೂರ್ತಿ ಡಿಎನ್ಎ ವಿವರ, ಪ್ರಕಟಿಸಿದ್ರು. ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಮಲ್ಲೇಶ್ವರದಲ್ಲಿ ಶ್ರೀಗಂಧದ ಮೇಲೆ ಕೆಲಸ ಮಾಡೋ ಮರ ವಿಜ್ಞಾನ ಸಂಸ್ಥೆ. ಇಷ್ಟೆಲ್ಲ ಒಂದೇ ಊರಲ್ಲಿ ಇದ್ದೂ ಎಷ್ಟೋ ವಿದ್ಯಾರ್ಥಿಗಳು ಕಾಲೇಜು ಗೇಟು ದಾಟಲ್ಲ. ಟ್ರಾಫಿಕ್ ಅಂತಾರೆ, ಒಪ್ಪೋಣ.

ಕೆಲಸ? ಸಸ್ಯಜನ್ಯ ಉತ್ಪನ್ನದ ಕಂಪನಿಗಳು ಇಲ್ಲೇ ಇವೆ: ತುಮಕೂರು ರಸ್ತೆಯ ಮಾಕಳಿಯಲ್ಲಿ ಹಿಮಾಲಯ, ಪೀಣ್ಯದಲ್ಲಿ ಸಾಮಿ ಸಬಿನ್ಸಾ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನ್ಯಾಚುರಲ್ ರೆಮಿಡೀಸ್. ಇಂಥ ಕಡೆ ಹೊಸಬರಿಗೆ ಹೆಚ್ಚಾಗಿ ಸಿಗೋದು ಗುಣಮಟ್ಟ ನಿಯಂತ್ರಣದ ಕೆಲಸ: ಲಾರಿಯಲ್ಲಿ ಬಂದ ಮೂಟೆಯಲ್ಲಿರೋದು ಬಿಲ್ಲಿನಲ್ಲಿ ಬರೆದ ಗಿಡವೇನಾ, ಅದರ ಮುಖ್ಯ ಘಟಕ ಶೇಕಡಾ ಎಷ್ಟು, ಸೀಸ, ಕೀಟನಾಶಕ, ಬೂಷ್ಟು ಇದೆಯಾ ಅಂತ ನೋಡೋದು. ಹೊಸ ಔಷಧಿ ಕಂಡುಹಿಡಿಯೋ ಕನಸಿದ್ರೆ ಪಿಎಚ್‌ಡಿವರೆಗೆ ಹೋಗಬೇಕು, ಅದಕ್ಕೂ ತಾಳ್ಮೆ ಬೇಕು.

ಇನ್ನು ಸೀಟು ತಗೊಳ್ಳೋ ಮುಂಚೆ ಆ ವಿಭಾಗಕ್ಕೆ ಒಮ್ಮೆ ನೀವೇ ಹೋಗಿ ಬನ್ನಿ. ಸೀನಿಯರ್‌ಗಳನ್ನ ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಕೇಳಿ: ಎಚ್‌ಪಿಎಲ್‌ಸಿ ಮೇಲೆ ನಿಮ್ಮ ಕೈಯಿಂದಲೇ ಸ್ಯಾಂಪಲ್ ಹಾಕಿದ್ದೀರಾ, ಇಲ್ಲಾ ಹೊರಗೆ ಕಳಿಸಿ ರಿಪೋರ್ಟ್ ತರಿಸ್ಕೊಂಡ್ರಾ? ಗಿಡ ತರೋಕೆ ಕಾಡಿಗೆ ಹೋಗಬೇಕಾದ್ರೆ ಅರಣ್ಯ ಇಲಾಖೆಯ ಅನುಮತಿ ಯಾರು ಓಡಾಡಿ ತರ್ತಾರೆ? ಹಳೇ ಪ್ರಬಂಧ ಒಂದನ್ನ ಲೈಬ್ರರಿಯಿಂದ ತೆಗೆಸಿ, ವೌಚರ್ ನಂಬರ್ ಬರೆದಿದೆಯಾ ನೋಡಿ. ಇಲ್ಲದಿದ್ರೆ ಪಕ್ಕದ ಕಾಲೇಜಿಗೂ ಒಮ್ಮೆ ಹೋಗಿ ಬನ್ನಿ.