ಬೂದಿ ಮುಚ್ಚಿದ ಕೆಂಡಕ್ಕೆ ನೀರು ತಲುಪಿಸುವುದು ಹೇಗೆ? ಸಿಪ್ಪೆ ರಾಶಿಯಿಂದ ಸಮುದ್ರದ ಹಡಗಿನವರೆಗೆ

[ದೃಶ್ಯ: ಮಂಡ್ಯ ಹತ್ತಿರದ ಸಕ್ಕರೆ ಕಾರ್ಖಾನೆ. ಗುಡ್ಡದಂತೆ ಸಿಪ್ಪೆ ರಾಶಿ. ಸಂಜೆ ಬೆಳಕು.]

ನಮಸ್ಕಾರ. ಇದು ಏನು ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಒಲೆಗೆ ಹಾಕುವುದೂ ಇದನ್ನೇ, ಕಾರ್ಖಾನೆಯ ಬಾಯ್ಲರ್‌ಗೆ ಹಾಕುವುದೂ ಇದನ್ನೇ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಹತ್ತಿರದ ಒಂದು ಕಾರ್ಖಾನೆಯ ರಾಶಿಗೆ ಬೆಂಕಿ ಬಿತ್ತು. ಫೈರ್ ಇಂಜಿನ್ ಬಂತು, ನೀರು ಹೊಡೆದರು, ಉರಿ ಆರಿತು. ಎಲ್ಲರೂ ಮನೆಗೆ ಹೋದೆವು. ಮಾರನೇ ದಿನ ಬೆಳಿಗ್ಗೆ ನೋಡಿದರೆ ರಾಶಿಯ ನೆತ್ತಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಮಧ್ಯಾಹ್ನ ಗಾಳಿ ಬೀಸಿತು, ಮತ್ತೆ ಧಗ್ ಅಂತ ಹೊತ್ತಿಕೊಂಡಿತು. ಹೀಗೇ ಮೂರು ದಿನ. ಪಕ್ಕದಲ್ಲಿ ನಿಂತಿದ್ದ ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನೀರು ಮೇಲ್ಮೇಲೇ ಹರ್ಕಂಡ್ ಹೋಯ್ತದೆ ಕಣ್ಲಾ, ಒಳಕ್ಕೇ ಇಳೀತಿಲ್ಲ."

ಇವತ್ತಿನ ವಿಡಿಯೋ ಅಪ್ಪನ ಆ ಒಂದು ಮಾತಿನ ಬಗ್ಗೆ. ಯಾಕೆಂದರೆ ಸಮುದ್ರದ ಮಧ್ಯೆ ಹಡಗಿಗೆ ಬೆಂಕಿ ಬಿದ್ದಾಗಲೂ ಕಷ್ಟ ಇದೇ. ನೀರು ಸುತ್ತಲೂ ಇದೆ, ಆದರೆ ಬೆಂಕಿ ಇರುವ ಜಾಗಕ್ಕೆ ಹೋಗುವುದಿಲ್ಲ.

[ದೃಶ್ಯ: ಕಂಟೇನರ್ ಹಡಗು, ಮೇಲಿನಿಂದ]

2024ರ ಜುಲೈನಲ್ಲಿ ನಮ್ಮ ಕಾರವಾರದಿಂದ ಸುಮಾರು 50 ನಾಟಿಕಲ್ ಮೈಲಿ ದೂರದಲ್ಲಿ ಮೇರ್ಸ್ಕ್ ಫ್ರಾಂಕ್‌ಫರ್ಟ್ ಎಂಬ ಹಡಗು ಹೊತ್ತಿ ಉರಿಯಿತು. 2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ವಾನ್ ಹೈ 503. ಅದರಲ್ಲಿದ್ದ 22 ಜನರಲ್ಲಿ 18 ಜನರನ್ನು ಕಾಪಾಡಿ ಮಂಗಳೂರಿಗೆ ಕರೆತಂದರು. ಬೆಂಕಿ ಮಾತ್ರ ಒಂದೆರಡು ದಿನದಲ್ಲಿ ಆರಲಿಲ್ಲ, ವಾರಗಟ್ಟಲೆ ಕಾಡಿತು.

ಯಾಕೆ ಅಷ್ಟು ದಿನ? ಕಂಟೇನರ್ ಅಂದರೆ ಮುಚ್ಚಿದ ಕಬ್ಬಿಣದ ಪೆಟ್ಟಿಗೆ. ಮಳೆ ನೀರು ಒಳಗೆ ಹೋಗಬಾರದು ಅಂತಲೇ ಮಾಡಿರುವುದು. ಮಳೆಯನ್ನು ತಡೆಯುವ ಗೋಡೆ ಹೋಸ್ ಪೈಪಿನ ನೀರನ್ನೂ ತಡೆಯುತ್ತದೆ, ಅಲ್ವಾ? ಹೊರಗೆ ಎಷ್ಟೇ ನೀರು ಹೊಡೆದರೂ ಒಳಗೆ ಸರಕು ಸುಮ್ನೆ ಬೇಯುತ್ತಾ ಇರುತ್ತದೆ.

ಅದಕ್ಕೇ ಈ ಸಲಕರಣೆ.

[ದೃಶ್ಯ: ಉದ್ದನೆಯ ಪೈಪು, ಚೂಪು ಮೂತಿ. ಕ್ಯಾಮೆರಾ ಹತ್ತಿರಕ್ಕೆ.]

ಇದನ್ನು ವಾಟರ್ ಮಿಸ್ಟ್ ಲ್ಯಾನ್ಸ್ ಅನ್ನುತ್ತಾರೆ. ನೋಡಿದರೆ ಈಟಿ. ಒಳಗೆ ಟೊಳ್ಳು, ತುದಿ ಗಟ್ಟಿ ಉಕ್ಕಿನದು. ತುದಿಯಿಂದ ಸ್ವಲ್ಪ ಹಿಂದೆ ಸಣ್ಣ ಸಣ್ಣ ತೂತುಗಳಿವೆ, ನೋಡಿ. ಇದನ್ನು ಕಂಟೇನರ್ ಗೋಡೆಗೆ ಚುಚ್ಚಿ ಒಳಗೆ ನುಗ್ಗಿಸುತ್ತಾರೆ. ಹಿಂದಿನ ತುದಿಗೆ ಹೋಸ್ ಸಿಕ್ಕಿಸಿ ನೀರು ಬಿಟ್ಟರೆ ಒಳಗೆ ಇಬ್ಬನಿಯಂತೆ ಸಣ್ಣ ಹನಿ. ಹನಿ ಸಣ್ಣದಾದಷ್ಟೂ ಬೇಗ ಆವಿಯಾಗುತ್ತದೆ, ಬೇಗ ಶಾಖ ಹೀರುತ್ತದೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿಯೇ ಗಾಳಿಯನ್ನು ಹೊರಗೆ ದಬ್ಬಿ ಬೆಂಕಿಯ ಉಸಿರು ಕಟ್ಟಿಸುತ್ತದೆ. ಮಳೆ ತಡೆಯುವ ಗೋಡೆ ಈಗ ನಮ್ಮ ಕಡೆಗೆ ಕೆಲಸ ಮಾಡುತ್ತದೆ. ಈ ಉಪಾಯ ನನಗೆ ತುಂಬಾ ಇಷ್ಟ.

ಚುಚ್ಚುವ ಮೊದಲು ಒಳಗೆ ಏನಿದೆ ಅಂತ ಸರಕಿನ ಪಟ್ಟಿ ನೋಡಲೇಬೇಕು. ಕ್ಯಾಲ್ಸಿಯಂ ಕಾರ್ಬೈಡ್ ಇದ್ದರೆ ನೀರು ಬಿದ್ದ ಕೂಡಲೇ ಅಸಿಟಿಲೀನ್ ಗ್ಯಾಸ್ ಹುಟ್ಟುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಉರಿಯುತ್ತದಲ್ಲ, ಅದೇ ಗ್ಯಾಸು.

2016ರ ಜನವರಿ 1ರಿಂದ ಕಟ್ಟಿದ, ಡೆಕ್ ಮೇಲೆ ಕಂಟೇನರ್ ಸಾಗಿಸುವ ಹಡಗುಗಳಲ್ಲಿ ಇಂಥ ಲ್ಯಾನ್ಸ್ ಒಂದಾದರೂ ಇರಬೇಕು ಅಂತ ಅಂತಾರಾಷ್ಟ್ರೀಯ ನಿಯಮವಿದೆ. ಐದು ಅಥವಾ ಜಾಸ್ತಿ ಸಾಲು ಮೇಲೆ ಮೇಲೆ ಪೇರಿಸುವ ಹಡಗಾದರೆ, ದೂರಕ್ಕೆ ನೀರು ಚಿಮ್ಮುವ ಮಾನಿಟರ್‌ಗಳೂ ಬೇಕು. ಅಗಲ 30 ಮೀಟರ್ ಒಳಗಿದ್ದರೆ ಎರಡು, 30 ಅಥವಾ ಮೇಲಿದ್ದರೆ ನಾಲ್ಕು. ನನ್ನ ಅಭಿಪ್ರಾಯದಲ್ಲಿ ಇದು ಸಾಲದು. ಲ್ಯಾನ್ಸ್ ಹಿಡಿದು ಮನುಷ್ಯ ಹತ್ತಿರ ಹೋಗಬೇಕಲ್ಲ? ಏಳನೇ ಸಾಲಿನ ಪೆಟ್ಟಿಗೆಗೆ ಬೆಂಕಿ ಬಿದ್ದರೆ ಆ ಹೊಗೆಯಲ್ಲಿ ಯಾರು ಹತ್ತುತ್ತಾರೆ?

ಈಗ ನಮ್ಮ ಸಿಪ್ಪೆ ರಾಶಿಗೆ ಬನ್ನಿ. ಇಂಥದೇ ಚುಚ್ಚುವ ನಾಜಲ್ ಒಣಹುಲ್ಲಿನ ಬಣವೆಗೆ, ಸಿಪ್ಪೆಗೆ, ಹತ್ತಿ ಬೇಲ್‌ಗೂ ಆಗುತ್ತದೆ. ಕೆಂಡ ಇರುವ ಆಳಕ್ಕೇ ನೀರು ಹೋಗುತ್ತದೆ. ಜೊತೆಗೆ ಜೆಸಿಬಿಯಿಂದ ಪದರ ಪದರವಾಗಿ ಬಿಡಿಸಿ ನೆನೆಸುತ್ತಾ ಹೋಗಬೇಕು. ಒಂದೇ ಸಲ ಜೋರಾಗಿ ನೀರು ಹೊಡೆದರೆ ಒಣ ಸಿಪ್ಪೆಯ ದೂಳು ಎದ್ದು ಅದಕ್ಕೇ ಬೆಂಕಿ ಹತ್ತಬಹುದು. ಇನ್ನೊಂದು ಮಾತು, ದಯವಿಟ್ಟು ಕೇಳಿಸಿಕೊಳ್ಳಿ: ಹೊಗೆಯಾಡುವ ರಾಶಿಯ ಮೇಲೆ ಯಾರೂ ಹತ್ತಬಾರದು. ಒಳಗೆ ಸುಟ್ಟು ಟೊಳ್ಳಾಗಿರುತ್ತದೆ. ಕಾಲಿಟ್ಟರೆ ಕುಸಿದು ಕೆಂಡದೊಳಗೇ ಬೀಳುತ್ತೀರಿ. ಅವತ್ತು ನಮ್ಮೂರಲ್ಲಿ ಇಬ್ಬರು ಹತ್ತಿದ್ದರು. ಏನೂ ಆಗಲಿಲ್ಲ, ಆದರೆ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

[ದೃಶ್ಯ: ಹಳೆಯ ಕಪ್ಪು ಬಿಳುಪು ಫೋಟೋ, ಬಂದರಿನಲ್ಲಿ ಪಕ್ಕಕ್ಕೆ ಮಲಗಿದ ಹಡಗು]

ಹಾಗಾದರೆ ಹಡಗಿಗೆ ಬೇಕಾದಷ್ಟು ನೀರು ಸುರಿಯಬಹುದಲ್ಲ, ಸಮುದ್ರವೇ ಇದೆಯಲ್ಲ ಅಂತೀರಾ? ಈ ಹಡಗಿನ ಹೆಸರು ನಾರ್ಮಂಡಿ. 1942ರ ಫೆಬ್ರವರಿ 9ರಂದು ನ್ಯೂಯಾರ್ಕ್ ಬಂದರಿನಲ್ಲಿ ಕಬ್ಬಿಣ ಕತ್ತರಿಸುವ ಕೆಲಸದ ಕಿಡಿಯಿಂದ ಬೆಂಕಿ ಹತ್ತಿತು. ದಡದಿಂದಲೂ ದೋಣಿಗಳಿಂದಲೂ ನೀರು ಸುರಿದರು. ಆ ನೀರು ಮೇಲಿನ ಅಂತಸ್ತುಗಳಲ್ಲಿ ನಿಂತು ಹಡಗು ಒಂದು ಕಡೆಗೆ ವಾಲಿತು. ಮರುದಿನ ನಸುಕಿಗೆ ಹಡಗೇ ಮಗುಚಿ ಬಿತ್ತು. ತಟ್ಟೆಯಲ್ಲಿ ನೀರು ತುಂಬಿಕೊಂಡು ನಡೆದು ನೋಡಿ, ಸ್ವಲ್ಪ ವಾಲಿದರೂ ನೀರೆಲ್ಲ ಅತ್ತಲೇ ಓಡುತ್ತದೆ. ಹಡಗಿನಲ್ಲೂ ಹಾಗೇ.

ಅಲ್ಲಿ ಇನ್ನೊಂದು ತೊಡಕೂ ಇತ್ತು. ಫ್ರಾನ್ಸಿನ ಹಡಗು, ಅದರ ನೀರಿನ ಬಾಯಿಗಳಿಗೆ ನ್ಯೂಯಾರ್ಕಿನ ಹೋಸ್‌ಗಳು ಕೂರಲೇ ಇಲ್ಲ! ಮನೆಯ ನಲ್ಲಿಗೆ ಅಳತೆ ತಪ್ಪಿದ ಪೈಪ್ ತಂದರೆ ಎಷ್ಟು ಒದ್ದಾಡುತ್ತೇವೆ. ಉರಿಯುವ ಹಡಗಿನ ಮುಂದೆ ಹಾಗಾದರೆ?

[ದೃಶ್ಯ: ಅಂಗೈ ಮೇಲೆ ದುಂಡನೆಯ ಫ್ಲ್ಯಾಂಜ್]

ಈಗ ಪ್ರತಿ ದೊಡ್ಡ ಹಡಗಿನಲ್ಲೂ ಈ ಚಿಕ್ಕ ತಟ್ಟೆ ಇರುತ್ತದೆ. ಇಂಟರ್‌ನ್ಯಾಷನಲ್ ಶೋರ್ ಕನೆಕ್ಷನ್. ಹೊರ ಅಗಲ 178 ಮಿಲಿಮೀಟರ್, ಒಳ ಅಗಲ 64, ನಾಲ್ಕು ಬೋಲ್ಟ್. ಪ್ರಪಂಚದ ಯಾವ ಬಂದರಿಗೆ ಹೋದರೂ ಇದೇ ಅಳತೆ. ಒಂದು ಬದಿ ಹಡಗಿನ ಪೈಪಿಗೆ, ಇನ್ನೊಂದು ಬದಿ ದಡದ ಪೈಪಿಗೆ. ಇಷ್ಟೇ. ಲ್ಯಾನ್ಸ್‌ನಷ್ಟು ಚಂದ ಕಾಣುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಹಡಗಿನ ಅತಿ ಬೆಲೆಬಾಳುವ ಕಬ್ಬಿಣದ ತುಂಡು ಇದೇ.

ಇಂಜಿನ್ ರೂಮಿನ ಬೆಂಕಿಗೆ ಇಂಗಾಲದ ಡೈಆಕ್ಸೈಡ್ ಬಳಸುತ್ತಾರೆ. ಬಾಗಿಲು, ಗಾಳಿ ಕಿಂಡಿ ಎಲ್ಲ ಮುಚ್ಚಿ, ಅಲಾರಂ ಹೊಡೆದು, ತಲೆ ಎಣಿಸಿ, ಆಮೇಲೆ ಗ್ಯಾಸ್ ಬಿಡುತ್ತಾರೆ. ಬಿಡಬೇಕಾದ ಗ್ಯಾಸಿನಲ್ಲಿ ಶೇಕಡಾ 85ರಷ್ಟು ಎರಡು ನಿಮಿಷದೊಳಗೆ ಒಳಗೆ ಹೋಗಬೇಕು. ಬೆಂಕಿಯನ್ನು ಕೊಲ್ಲುವ ಅದೇ ಗ್ಯಾಸು ಮನುಷ್ಯರನ್ನೂ ಕೊಲ್ಲುತ್ತದೆ, ಅದಕ್ಕೇ ಆ ತಲೆ ಎಣಿಕೆ.

[ದೃಶ್ಯ: ಮೈಸೂರು ಬೆಂಗಳೂರು ಹೆದ್ದಾರಿ, ಟ್ಯಾಂಕರ್ ಲಾರಿ]

ಮತ್ತೆ ನಮ್ಮ ರಸ್ತೆಗೆ. ನಮ್ಮ ಕಬ್ಬಿನಿಂದ ಈಗ ಸಕ್ಕರೆ ಮಾತ್ರ ಅಲ್ಲ, ಪೆಟ್ರೋಲಿಗೆ ಬೆರೆಸುವ ಎಥನಾಲ್ ಕೂಡ ಆಗುತ್ತದೆ. ಇದರ ಬೆಂಕಿ ಮೋಸದ್ದು. ತಿಳಿ ನೀಲಿ ಉರಿ, ಬಿಸಿಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಶಾಖವನ್ನು ತೋರಿಸುವ ಥರ್ಮಲ್ ಕ್ಯಾಮೆರಾ ಹಿಡಿದರೆ ಗೊತ್ತಾಗುತ್ತದೆ.

ಪೆಟ್ರೋಲ್ ಬೆಂಕಿಗೆ ಫೋಮ್ ಹೊಡೆದರೆ ನೊರೆ ಕಂಬಳಿಯಂತೆ ಹರಡಿ ಮುಚ್ಚುತ್ತದೆ. ಅದೇ ಮಾಮೂಲಿ ಫೋಮನ್ನು ಎಥನಾಲ್ ಮೇಲೆ ಹೊಡೆದರೆ ನೊರೆ ಕರಗಿ ಹೋಗುತ್ತದೆ. ಎಥನಾಲ್ ನೀರಿನೊಂದಿಗೆ ಬೆರೆಯುವ ವಸ್ತು, ನೊರೆಯಲ್ಲಿರುವ ನೀರನ್ನೇ ಹೀರಿಕೊಂಡುಬಿಡುತ್ತದೆ. ಇದಕ್ಕೆ ಆಲ್ಕೋಹಾಲ್ ತಡೆಯುವ ಬೇರೆ ಫೋಮ್ ಬೇಕು. ಅದರಲ್ಲಿ ಅಂಟಿನಂಥ ಪದಾರ್ಥವಿದೆ. ಎಥನಾಲ್ ತಾಗಿದ ಕೂಡಲೇ ಹಾಲಿನ ಮೇಲಿನ ಕೆನೆಯಂತೆ ಒಂದು ಪೊರೆ ಕಟ್ಟಿ, ಮೇಲಿನ ನೊರೆಯನ್ನು ಕಾಪಾಡುತ್ತದೆ. ಅದನ್ನೂ ಬೆಂಕಿಯೊಳಕ್ಕೆ ನೇರವಾಗಿ ಹೊಡೆಯಬಾರದು. ಟ್ಯಾಂಕಿನ ಗೋಡೆಗೆ ಹೊಡೆದು ಮೆಲ್ಲಗೆ ಜಾರಿ ಇಳಿಯುವಂತೆ ಬಿಡಬೇಕು, ಇಲ್ಲದಿದ್ದರೆ ಕೆನೆ ಒಡೆಯುತ್ತದೆ.

ಅಂದರೆ ಯಾವ ಫೋಮ್ ತರಬೇಕು ಅನ್ನುವುದು ಏನು ಉರಿಯುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಇಲ್ಲಿ ನಿಮ್ಮ ಸಹಾಯ ಬೇಕು. ಟ್ಯಾಂಕರ್ ಲಾರಿಯ ಹಿಂದೆ, ಪಕ್ಕದಲ್ಲಿ ಒಂದು ಫಲಕ ಇರುತ್ತದೆ. ಅದರಲ್ಲಿ ನಾಲ್ಕು ಅಂಕಿಯ ನಂಬರ್. 1203 ಅಂದರೆ ಪೆಟ್ರೋಲ್, 1170 ಅಂದರೆ ಎಥನಾಲ್. ಲಾರಿ ಮಗುಚಿದ್ದು ಕಂಡರೆ ಹತ್ತಿರ ಹೋಗಬೇಡಿ, ಗಾಳಿ ಹೊಗೆಯನ್ನು ಒಯ್ಯುವ ಕಡೆ ನಿಲ್ಲಬೇಡಿ. ದೂರದಿಂದ ಆ ನಂಬರ್ ಕಂಡರೆ ಓದಿಕೊಳ್ಳಿ, ಇಲ್ಲವೇ ಫೋನಿನ ಕ್ಯಾಮೆರಾ ಜೂಮ್ ಮಾಡಿ. 112ಕ್ಕೆ ಕರೆ ಮಾಡಿ, "ಲಾರಿಗೆ ಬೆಂಕಿ ಬಿದ್ದಿದೆ" ಅನ್ನುವುದರ ಜೊತೆಗೆ ಆ ನಾಲ್ಕು ಅಂಕಿಯನ್ನೂ ಹೇಳಿ. ಠಾಣೆಯಿಂದ ಹೊರಡುವ ಮೊದಲೇ ಅವರಿಗೆ ಯಾವ ಫೋಮಿನ ಕ್ಯಾನ್ ಹತ್ತಿಸಿಕೊಳ್ಳಬೇಕು ಅಂತ ಗೊತ್ತಾಗುತ್ತದೆ.

[ದೃಶ್ಯ: ಫಲಕ ಹತ್ತಿರದಿಂದ. 1170.]