ಟಿಸಿಪಿ ಒಂದೇ, ಸ್ವಭಾವ ಬೇರೆ ಬೇರೆ

ನಮಸ್ಕಾರ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೊರಟಿದ್ದೇವೆ. ಕಿಟಕಿ ಆಚೆ ಕಾಣುತ್ತಿರುವುದು ಉಣಕಲ್ ಕೆರೆ. ಪಕ್ಕದಲ್ಲಿ ಕೂತವಳು ನಮ್ಮ ಅಣ್ಣನ ಮಗಳು. ಇಂಜಿನಿಯರಿಂಗ್ ಓದುತ್ತಿದ್ದಾಳೆ, ಈ ಸೆಮಿಸ್ಟರ್‌ಗೆ ಕಂಪ್ಯೂಟರ್ ನೆಟ್‌ವರ್ಕ್ಸ್ ಇದೆ. ಬಸ್ ಹತ್ತಿದ ಕೂಡಲೇ ಅವಳ ಪ್ರಶ್ನೆ ಇದು:

"ಕಾಕಾ, ಟಿಸಿಪಿ ಅಂದ್ರ ಒಂದ ಐತಲ್ಲ? ಮತ್ತ ಟಾಹೋ, ರೀನೋ, ಕ್ಯೂಬಿಕ್ ಅಂತ ಇಷ್ಟ್ಯಾಕ ಅದಾವ?"

ಬಹಳ ಒಳ್ಳೆಯ ಪ್ರಶ್ನೆ. ಟಿಸಿಪಿ ಅಂದರೆ ಇಂಟರ್ನೆಟ್‌ನಲ್ಲಿ ಮಾಹಿತಿಯನ್ನು ತಪ್ಪದೆ ಮುಟ್ಟಿಸುವ ನಿಯಮಗಳ ಗುಂಪು. ಟಾಹೋ, ರೀನೋ, ಕ್ಯೂಬಿಕ್ ಅದರ ಬಗೆಗಳು. ನೋಟ್ಸ್‌ನಲ್ಲಿ ಈ ಹೆಸರುಗಳು ಸಾಲಾಗಿ ಇರುತ್ತವೆ, ಯಾಕೆ ಹುಟ್ಟಿದವು ಅನ್ನುವುದು ಮಾತ್ರ ಇರುವುದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಬುಡದಿಂದ ಶುರು ಮಾಡುತ್ತೇನೆ. ಕಳಿಸುವ ಮಾಹಿತಿಯ ಒಂದೊಂದು ತುಂಡೇ ಪ್ಯಾಕೆಟ್. ಅದು ಎಲ್ಲಿಗೆ ಹೋಗಬೇಕು ಅನ್ನುವುದನ್ನು ನೋಡಿಕೊಳ್ಳುವುದು ಐಪಿ. ಅದು ಮುಟ್ಟಿತೋ ಇಲ್ಲವೋ ಅನ್ನುವುದು ಐಪಿಗೆ ಬೇಕಿಲ್ಲ. ಐಪಿ ಮೇಲೆ ಕೂರುವುದೇ ಟ್ರಾನ್ಸ್‌ಪೋರ್ಟ್ ಪ್ರೋಟೋಕಾಲ್. ಅಂಥದ್ದೊಂದು ಯುಡಿಪಿ, 1980ರಲ್ಲಿ ಬಂತು. ಅದರ ಹೆಡರ್, ಅಂದರೆ ಮಾಹಿತಿಯ ಮುಂದೆ ಅಂಟಿಸುವ ವಿವರ, ಬರೀ 8 ಬೈಟ್. ಎರಡು ಪೋರ್ಟ್ ನಂಬರ್ (ಯಾವ ಆ್ಯಪ್‌ನಿಂದ ಯಾವ ಆ್ಯಪ್‌ಗೆ), ಉದ್ದ, ಚೆಕ್‌ಸಮ್ (ದಾರಿಯಲ್ಲಿ ಹಾಳಾಯಿತೇ ಅಂತ ನೋಡುವ ಲೆಕ್ಕ), ಮುಗಿಯಿತು. ಕಳಿಸಿದ ಮೇಲೆ ಅದರ ಗೊಡವೆಗೆ ಹೋಗುವುದಿಲ್ಲ. ವಿಡಿಯೋ ಕಾಲ್‌ಗೆ ಇದೇ ಸರಿ. ಕಳೆದು ಹೋದ ಅರ್ಧ ಸೆಕೆಂಡಿನ ಮಾತು ಆಮೇಲೆ ಬಂದು ಏನು ಮಾಡಬೇಕು, ಅಲ್ವಾ?

ಟಿಸಿಪಿ ಹಾಗಲ್ಲ. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಬರೆದ ಪ್ರಬಂಧದಲ್ಲಿ ಇದರ ಬೇರು ಇದೆ. ಮುಂದೆ ದಶಕಗಟ್ಟಲೆ ನಡೆದ ರೂಪ 1981ರ ಆರ್‌ಎಫ್‌ಸಿ 793ರದ್ದು. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ದಾಖಲೆ. ಮೊದಲು ಸಿನ್, ಸಿನ್-ಆಕ್, ಆಕ್ ಅಂತ ಮೂರು ಪ್ಯಾಕೆಟ್ ಓಡಾಡಿ ಕನೆಕ್ಷನ್ ಆಗುತ್ತದೆ. ಆಮೇಲೆ ಪ್ರತಿ ಬೈಟ್‌ಗೂ ಲೆಕ್ಕ. ಮುಟ್ಟಿದ್ದಕ್ಕೆ ಆ ಕಡೆಯಿಂದ ಆಕ್ ಬರಬೇಕು. ಬಾರದಿದ್ದರೆ ಮತ್ತೆ ಕಳಿಸುತ್ತದೆ.

ಈ "ಮತ್ತೆ ಕಳಿಸುತ್ತದೆ" ಅನ್ನುವುದರಲ್ಲೇ ಒಂದು ದೊಡ್ಡ ಅಪಾಯ ಇತ್ತು. ಅದು ಹೊರಗೆ ಬಂದದ್ದು 1986ರ ಅಕ್ಟೋಬರ್‌ನಲ್ಲಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ, ಅದರ ಹತ್ತಿರವೇ ಬರ್ಕ್ಲಿ ವಿಶ್ವವಿದ್ಯಾಲಯ. ನಡುವೆ 400 ಗಜ, ಅಂದರೆ ಸುಮಾರು 365 ಮೀಟರ್. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಅದರ ಕಾಲು ಭಾಗದಷ್ಟೂ ಇಲ್ಲ ಈ ದೂರ. ಆ ಲಿಂಕ್‌ನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಕಿಲೋಬಿಟ್ ಅಲ್ಲ, ಬರೀ 40 ಬಿಟ್.

ತಂತಿ ಹರಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ದಾರಿಯಲ್ಲಿ ಪ್ಯಾಕೆಟ್‌ಗಳು ಕಾಯುವ ಸರತಿ ತುಂಬಿ, ಜಾಗ ಸಿಗದವು ಬಿದ್ದು ಹೋಗುತ್ತಿದ್ದವು, ಅಂದರೆ ಕಳೆದು ಹೋಗುತ್ತಿದ್ದವು. ಬಿದ್ದವೆಂದು ಕಳಿಸುವ ಮಷೀನುಗಳು ಮತ್ತೆ ಕಳಿಸುತ್ತಿದ್ದವು. ಅದರಿಂದ ಸರತಿ ಇನ್ನೂ ತುಂಬುತ್ತಿತ್ತು. ಎಲ್ಲರೂ ನಿಯಮದ ಪ್ರಕಾರವೇ ನಡೆದಿದ್ದರು, ಆದರೂ ಯಾರ ಕೆಲಸವೂ ಆಗುತ್ತಿರಲಿಲ್ಲ. ಇದಕ್ಕೆ ಕಂಜೆಶನ್ ಕೊಲಾಪ್ಸ್ ಅನ್ನುತ್ತಾರೆ.

ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್, ಮೈಕ್ ಕ್ಯಾರೆಲ್ಸ್ ಜೊತೆ ಸೇರಿ ಇದಕ್ಕೆ ದಾರಿ ಹುಡುಕಿದರು. 1988ರ ಅವರ ಪ್ರಬಂಧವನ್ನು ನೆಟ್‌ವರ್ಕ್ ಓದುವವರು ಒಮ್ಮೆಯಾದರೂ ತೆರೆದು ನೋಡಬೇಕು. ಅವರ ತಿಳಿವಳಿಕೆ ಇದು: ಪ್ಯಾಕೆಟ್ ಬಿತ್ತು ಅಂದರೆ ದಾರಿ ತುಂಬಿದೆ ಅಂತ ಅರ್ಥ. ಹಾಗಾದರೆ ಕಳಿಸುವವನು ತಾನೇ ಕೈ ಬಿಗಿ ಹಿಡಿಯಬೇಕು. ಅದಕ್ಕೆ ಕಂಜೆಶನ್ ವಿಂಡೋ ಅನ್ನುವ ಒಂದು ಮಿತಿ. ಆಕ್ ಬರುವ ಮೊದಲು ದಾರಿಯಲ್ಲಿ ಎಷ್ಟು ಪ್ಯಾಕೆಟ್ ಇರಬಹುದು ಅನ್ನುವುದನ್ನು ಅದು ಹೇಳುತ್ತದೆ. ಒಂದರಿಂದ ಶುರು ಮಾಡಿ, ಒಂದು ಸುತ್ತಿಗೆ (ಪ್ಯಾಕೆಟ್ ಹೋಗಿ ಆಕ್ ಬರುವಷ್ಟು ಹೊತ್ತಿಗೆ) ದುಪ್ಪಟ್ಟು. ಇದೇ ಸ್ಲೋ ಸ್ಟಾರ್ಟ್. ಒಂದು ಮಟ್ಟ ಮುಟ್ಟಿದ ಮೇಲೆ ಸುತ್ತಿಗೆ ಒಂದೊಂದೇ ಜಾಸ್ತಿ. ಪ್ಯಾಕೆಟ್ ಬಿತ್ತೋ, ಮತ್ತೆ ಒಂದಕ್ಕೆ ಇಳಿಯುವುದು.

ಇದೇ ಟಾಹೋ. ಬಿಎಸ್‌ಡಿ ಯುನಿಕ್ಸ್‌ನ ಆ ಬಿಡುಗಡೆಯ ಹೆಸರೇ ಇದಕ್ಕೂ ಅಂಟಿಕೊಂಡಿತು. 1990ರಲ್ಲಿ ರೀನೋ ಬಂತು. ಒಂದು ಪ್ಯಾಕೆಟ್ ಬಿದ್ದು ಅದರ ಹಿಂದಿನವು ಮುಟ್ಟುತ್ತಿದ್ದರೆ, ಆ ಕಡೆಯಿಂದ ಒಂದೇ ಆಕ್ ಮತ್ತೆ ಮತ್ತೆ ಬರುತ್ತದೆ. ಅಂದರೆ ದಾರಿ ಪೂರ್ತಿ ಕಟ್ಟಿಲ್ಲ. ಆಗ ಒಂದಕ್ಕೆ ಇಳಿಯುವುದು ಯಾಕೆ, ಅರ್ಧಕ್ಕೆ ಇಳಿದರೆ ಸಾಕಲ್ಲ? ರೀನೋ ಅಷ್ಟು ಮಾಡಿತು. ಒಂದೇ ಸುತ್ತಿನಲ್ಲಿ ಹಲವು ಪ್ಯಾಕೆಟ್ ಬಿದ್ದರೆ ರೀನೋ ಒದ್ದಾಡುತ್ತಿತ್ತು, ಅದನ್ನು ನ್ಯೂ ರೀನೋ ಸರಿ ಮಾಡಿತು.

ಇಲ್ಲಿ ಅಣ್ಣನ ಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಈ ಎಲ್ಲದರ ಪ್ಯಾಕೆಟ್ ಒಂದೇ ರೂಪದ್ದು. ಟಾಹೋ ಮಷೀನು ಕ್ಯೂಬಿಕ್ ಮಷೀನಿನ ಜೊತೆ ಆರಾಮಾಗಿ ಮಾತಾಡುತ್ತದೆ. ಬೇರೆಯಾಗುವುದು ಕಳಿಸುವವನ ತೀರ್ಮಾನ ಮಾತ್ರ. ಯಾವಾಗ ಹೆಚ್ಚಿಸಬೇಕು, ಯಾವಾಗ ಹಿಂದೆ ಸರಿಯಬೇಕು, ಎಷ್ಟು.

ಈಗ ಬಸ್ ನವನಗರ ದಾಟಿದೆ. ಫೋನ್ ಒಂದು ಟವರ್‌ನಿಂದ ಇನ್ನೊಂದಕ್ಕೆ ದಾಟುತ್ತಿರುತ್ತದೆ, ಸಿಗ್ನಲ್ ಏರಿಳಿಯುತ್ತಿರುತ್ತದೆ. ಗಾಳಿಯಲ್ಲಿ ಪ್ಯಾಕೆಟ್ ಹಾಳಾದರೆ ಟವರ್ ಮತ್ತು ಫೋನ್ ತಾವೇ ಮತ್ತೆ ಕಳಿಸಿ ಬಹಳಷ್ಟನ್ನು ಸರಿ ಮಾಡಿಕೊಳ್ಳುತ್ತವೆ. ಆದರೂ ಕೆಲವು ಬಿದ್ದು ಹೋಗುತ್ತವೆ. ದಾರಿ ತುಂಬಿರುವುದಿಲ್ಲ, ಸಿಗ್ನಲ್ ಕೆಟ್ಟಿರುತ್ತದೆ, ಅಷ್ಟೇ. ಪಾಪ, ರೀನೋಗೆ ಇದು ಗೊತ್ತಾಗುವುದಿಲ್ಲ. ದಟ್ಟಣೆ ಅಂದುಕೊಂಡು ವೇಗ ಅರ್ಧ ಮಾಡುತ್ತದೆ.

ಇದರ ಪೆಟ್ಟು ಎಷ್ಟು ಅನ್ನುವುದಕ್ಕೆ ಮ್ಯಾಥಿಸ್ ಮತ್ತು ಜೊತೆಗಾರರು 1997ರಲ್ಲಿ ಕೊಟ್ಟ ಒಂದು ಸೂತ್ರ ಇದೆ. ಸ್ಕ್ರೀನ್ ಮೇಲೆ ನೋಡಿ. ಪ್ಯಾಕೆಟ್‌ನಲ್ಲಿ 1,460 ಬೈಟ್ ಮಾಹಿತಿ, ಹೋಗಿ ಬರುವ ಸಮಯ 100 ಮಿಲಿಸೆಕೆಂಡ್, ನೂರಕ್ಕೆ ಒಂದು ಪ್ಯಾಕೆಟ್ ಬೀಳುತ್ತಿದೆ ಅಂತ ಇಟ್ಟುಕೊಳ್ಳಿ. ರೀನೋಗೆ ಸಿಗುವುದು ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್. ನಿಮ್ಮ ಲಿಂಕ್ 100 ಮೆಗಾಬಿಟ್‌ನದ್ದಾದರೂ ಅಷ್ಟೇ! ನೂರರಲ್ಲಿ ಒಂದು ಬಿದ್ದರೆ ಇಷ್ಟು ನಷ್ಟ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ವಿಷಯ ತಲೆಯಲ್ಲಿ ಕೂರುತ್ತದೆ.

ಕ್ಯೂಬಿಕ್ ಹುಟ್ಟಿದ್ದು ಇನ್ನೊಂದು ತೊಂದರೆಗೆ. ದೂರದ, ಜಾಸ್ತಿ ವೇಗದ ಲಿಂಕ್‌ನಲ್ಲಿ ಸುತ್ತಿಗೆ ಒಂದೊಂದೇ ಏರಿದರೆ ಮೇಲೆ ಮುಟ್ಟುವುದು ಯಾವ ಕಾಲಕ್ಕೆ? ನಾರ್ತ್ ಕೆರೋಲಿನಾ ಸ್ಟೇಟ್ ಯೂನಿವರ್ಸಿಟಿಯವರು ಕಟ್ಟಿದ ಕ್ಯೂಬಿಕ್, ಪ್ಯಾಕೆಟ್ ಬಿದ್ದಾಗ ಶೇಕಡಾ 70ಕ್ಕೆ ಇಳಿಯುತ್ತದೆ. ಆಮೇಲೆ ಏರುವುದು ಸಮಯದ ಘನದ (ಕ್ಯೂಬ್) ಲೆಕ್ಕದಲ್ಲಿ. ಹಿಂದೆ ಎಡವಿದ ಮಟ್ಟದ ತನಕ ಬೇಗ, ಅದರ ಹತ್ತಿರ ಹುಷಾರಾಗಿ, ದಾಟಿದ ಮೇಲೆ ಮತ್ತೆ ಜೋರು. 2006ರಿಂದ ಲಿನಕ್ಸ್‌ನಲ್ಲಿ ಇದೇ ಡಿಫಾಲ್ಟ್. ವಿಂಡೋಸ್, ಆಪಲ್ ಮಷೀನುಗಳಲ್ಲೂ ಇದೇ.

ಆದರೆ ಕ್ಯೂಬಿಕ್ ಕೂಡ ಪ್ಯಾಕೆಟ್ ಬೀಳುವುದನ್ನೇ ಕಾಯುತ್ತದೆ. 2016ರಲ್ಲಿ ಗೂಗಲ್‌ನಿಂದ ಬಂದ ಬಿಬಿಆರ್ ಈ ನಂಬಿಕೆಯನ್ನೇ ಬಿಟ್ಟಿತು. ಎಷ್ಟು ವೇಗದಲ್ಲಿ ಆ ಕಡೆ ಮುಟ್ಟುತ್ತಿದೆ, ಹೋಗಿ ಬರಲು ಕಡಿಮೆ ಅಂದರೆ ಎಷ್ಟು ಹೊತ್ತು ಬೇಕು, ಈ ಎರಡನ್ನು ಅಳೆದು ತನ್ನ ವೇಗ ಇಟ್ಟುಕೊಳ್ಳುತ್ತದೆ. ಬರೆದವರ ಸಾಲಿನಲ್ಲಿ ಒಂದು ಹೆಸರು ವ್ಯಾನ್ ಜೇಕಬ್ಸನ್! ಬಿದ್ದರೆ ದಾರಿ ತುಂಬಿದೆ ಅಂತ 1988ರಲ್ಲಿ ಲೋಕಕ್ಕೆ ಕಲಿಸಿದವರೇ, 28 ವರ್ಷದ ಮೇಲೆ ಅದನ್ನೇ ನೆಚ್ಚಿಕೊಳ್ಳಬೇಡಿ ಅಂದರು. ಈ ವಿಷಯ ನನಗೆ ತುಂಬಾ ಇಷ್ಟ.

ಹಾಗಂತ ಬಿಬಿಆರ್ ಎಲ್ಲಕ್ಕಿಂತ ಮೇಲು ಅಂತ ನಾನು ಹೇಳುವುದಿಲ್ಲ. ದಾರಿಯಲ್ಲಿ ಸರತಿಗೆ ಜಾಗ ಕಡಿಮೆ ಇದ್ದಾಗ ಅದರ ಮೊದಲ ಆವೃತ್ತಿ ಪಕ್ಕದ ಕ್ಯೂಬಿಕ್‌ನ ಪಾಲನ್ನು ನುಂಗುತ್ತಿತ್ತು. ಬೇರೆಯವರ ಪಾಲು ಕಿತ್ತುಕೊಂಡು ಸಿಕ್ಕ ವೇಗವನ್ನು ನಾನು ಗೆಲುವು ಅನ್ನುವುದಿಲ್ಲ. ಮುಂದಿನ ಆವೃತ್ತಿಗಳಲ್ಲಿ ಪ್ಯಾಕೆಟ್ ಬಿದ್ದದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಇನ್ನು ಎಸ್‌ಸಿಟಿಪಿ, ಟಿಸಿಪಿ, ಯುಡಿಪಿಯ ಹಾಗೆ ಇನ್ನೊಂದು ಟ್ರಾನ್ಸ್‌ಪೋರ್ಟ್ ಪ್ರೋಟೋಕಾಲ್. ಆ್ಯಪ್‌ಗಳಲ್ಲಿ ನೇರವಾಗಿ ಕಾಣುವುದು ಅಪರೂಪ, ಆದರೆ 4ಜಿ, 5ಜಿ ಟವರ್ ತನ್ನ ಹಿಂದಿನ ಕೋರ್ ನೆಟ್‌ವರ್ಕ್ ಜೊತೆ ಸಿಗ್ನಲಿಂಗ್, ಅಂದರೆ ಕನೆಕ್ಷನ್ ಹೊಂದಿಸುವ ಮಾತು, ಆಡುವುದು ಇದರ ಮೇಲೆಯೇ.

ಕೊನೆಗೆ ಕ್ವಿಕ್, ಟಿಸಿಪಿಯ ಕೆಲಸವನ್ನೇ ಬೇರೆ ರೀತಿಯಲ್ಲಿ ಮಾಡುವ ಹೊಸ ಪ್ರೋಟೋಕಾಲ್. ಮನೆಯಲ್ಲಿ ವೈಫೈ ಮೇಲೆ ಶುರುವಾದ ಟಿಸಿಪಿ ಕನೆಕ್ಷನ್, ಬಸ್ ಸ್ಟಾಪಿಗೆ ಬಂದು ಮೊಬೈಲ್ ಡೇಟಾಕ್ಕೆ ಬದಲಾದರೆ ಮುರಿಯುತ್ತದೆ. ಎರಡೂ ಕಡೆಯ ಐಪಿ ವಿಳಾಸ ಮತ್ತು ಪೋರ್ಟ್ ಸೇರಿಯೇ ಅದರ ಗುರುತು. ಕ್ವಿಕ್‌ಗೆ ಬೇರೆಯೇ ಕನೆಕ್ಷನ್ ಐಡಿ ಇದೆ, ಹಾಗಾಗಿ ಐಪಿ ವಿಳಾಸ ಬದಲಾದರೂ ಕನೆಕ್ಷನ್ ಉಳಿಸಿಕೊಳ್ಳಬಹುದು. ಇನ್ನೊಂದು ಗುಣ ಈ ಬಸ್ಸಿನಿಂದಲೇ ತೋರಿಸಬಹುದು. ಚಿಗರಿ ನಿಲ್ದಾಣಗಳಲ್ಲಿ ನಿಂತ ಬಸ್ಸನ್ನು ಹಿಂದಿನ ಬಸ್ ದಾಟಿಕೊಂಡು ಹೋಗಲು ಜಾಗ ಇದೆ. ಟಿಸಿಪಿಯಲ್ಲಿ ಆ ಜಾಗ ಇಲ್ಲ. ಒಂದು ಪ್ಯಾಕೆಟ್ ಬಿದ್ದರೆ ಹಿಂದೆ ಬಂದದ್ದೆಲ್ಲ ಕಾಯಬೇಕು. ಕ್ವಿಕ್‌ನಲ್ಲಿ ಒಂದು ಸ್ಟ್ರೀಮ್ (ಒಂದೇ ಕನೆಕ್ಷನ್ ಒಳಗಿನ ಬೇರೆ ಬೇರೆ ಹರಿವುಗಳಲ್ಲಿ ಒಂದು) ನಿಂತರೂ ಉಳಿದವು ನಡೆಯುತ್ತವೆ. ಇದೆಲ್ಲ ಕಟ್ಟಿರುವುದು ಯುಡಿಪಿ ಮೇಲೆ, 8 ಬೈಟ್ ಹೆಡರ್‌ನ ಅದೇ ಯುಡಿಪಿ. 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಬಂತು. ಯೂಟ್ಯೂಬ್ ಇದನ್ನು ಬಳಸುತ್ತದೆ.

ಹಾಗಾದರೆ ಟಿಸಿಪಿಯ ಕಥೆ ಓದುವುದು ಬೇಡವೇ ಅಂತ ಕೇಳಬಹುದು. ಕ್ವಿಕ್‌ನ ಜೊತೆಗೇ ಬಂದ ಆರ್‌ಎಫ್‌ಸಿ 9002 ತೆಗೆದು ನೋಡಿ. ಪ್ಯಾಕೆಟ್ ಬಿದ್ದಾಗ ಏನು ಮಾಡಬೇಕು ಅನ್ನುವುದಕ್ಕೆ ಅಲ್ಲಿ ಕೊಟ್ಟಿರುವ ವಿಧಾನ ನ್ಯೂ ರೀನೋದ್ದೇ ಹೋಲಿಕೆ. ಧಾರವಾಡ ಬಂತು, ಇಳಿಯುತ್ತೇವೆ. ಮುಂದಿನ ವಿಡಿಯೋದಲ್ಲಿ ಎರಡು ಲಿನಕ್ಸ್ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೇಕಂತಲೇ ನೂರಕ್ಕೆ ಒಂದು ಪ್ಯಾಕೆಟ್ ಬೀಳಿಸಿ, ಕ್ಯೂಬಿಕ್ ಮತ್ತು ಬಿಬಿಆರ್ ಎರಡನ್ನೂ ಓಡಿಸುತ್ತೇವೆ. ಕಮಾಂಡ್ ಕೊಡುವವಳು ಅವಳೇ.